ಫೇರ್ಗಸ್ ಪವಿತ್ರ ರಾಜ್ಯ

ಫೇರ್ಗಸ್ ಪವಿತ್ರ ರಾಜ್ಯವು 'ಫೈರ್ ಎಂಬ್ಲೆಮ್: ತ್ರೀ ಹೌಸಸ್' ಎಂಬ ತಂತ್ರಗಾರಿಕೆಯ ಪಾತ್ರಾಭಿನಯ ವಿಡಿಯೋ ಆಟದಲ್ಲಿ ಬರುವ ಒಂದು ಕಾಲ್ಪನಿಕ ರಾಜ್ಯ. ಈ ಆಟವನ್ನು ಜಪಾನಿನ ಇಂಟೆಲಿಜೆಂಟ್ ಸಿಸ್ಟಮ್ಸ್ ಮತ್ತು ಕೋಯಿ ಟೆಕ್ಮೋ ಸಂಸ್ಥೆಗಳು ರೂಪಿಸಿದವು. ನಿಂಟೆಂಡೊ ಸಂಸ್ಥೆಯು 2019ರ ಜುಲೈ 26ರಂದು ನಿಂಟೆಂಡೊ ಸ್ವಿಚ್ ಯಂತ್ರಕ್ಕಾಗಿ ಇದನ್ನು ಬಿಡುಗಡೆ ಮಾಡಿತು. ಆಟದ ಕಥೆ ನಡೆಯುವ ಫೊಡ್ಲಾನ್ ಖಂಡವನ್ನು ಹಂಚಿಕೊಂಡಿರುವ ಮೂರು ಪ್ರಬಲ ಶಕ್ತಿಗಳಲ್ಲಿ ಫೇರ್ಗಸ್ ಒಂದು. ಉಳಿದೆರಡು ದಕ್ಷಿಣದ ಅಡ್ರೆಸ್ಟಿಯಾ ಸಾಮ್ರಾಜ್ಯ ಮತ್ತು ಪೂರ್ವದ ಲೆಸ್ಟರ್ ಒಕ್ಕೂಟ. ಮಧ್ಯಯುಗದ ಯುರೋಪಿನ ಊಳಿಗಮಾನ್ಯ ವ್ಯವಸ್ಥೆಯನ್ನು ಹೋಲುವ ಈ ರಾಜ್ಯವನ್ನು ಬ್ಲೇಡಿಡ್ ರಾಜವಂಶವು ಆಳುತ್ತದೆ. ಅದರ ರಾಜಧಾನಿ ಫಿರ್ಡಿಯಾಡ್.

ಯೋಧಧರ್ಮ, ಸ್ವಾಮಿನಿಷ್ಠೆ ಮತ್ತು ವಂಶದ ರಕ್ತಕ್ಕೆ ಅತಿಯಾದ ಗೌರವ ಸಲ್ಲಿಸುವ ಸಮಾಜವೊಂದು ಅದೇ ಮೌಲ್ಯಗಳಿಂದ ಹೇಗೆ ಗಾಯಗೊಳ್ಳುತ್ತದೆ ಎಂಬುದೇ ಈ ರಾಜ್ಯಕ್ಕೆ ಸಂಬಂಧಿಸಿದ ಕಥಾಭಾಗದ ಮುಖ್ಯ ವಸ್ತುವಾಗಿದೆ.

ಹೆಸರುಗಳ ಮೂಲ

ಆಟದ ಹಲವು ಹೆಸರುಗಳನ್ನು ಕೆಲ್ಟಿಕ್ ಭಾಷೆಗಳಿಂದ ಮತ್ತು ಐರಿಷ್ ಪುರಾಣಗಳಿಂದ ಆಯ್ದುಕೊಳ್ಳಲಾಗಿದೆ. ಫೊಡ್ಲಾನ್ ಎಂಬ ಹೆಸರು ಐರ್ಲೆಂಡಿನ ಪೌರಾಣಿಕ ದೇವತೆ ಫೋಡ್ಲಾಳ ಹೆಸರನ್ನು ನೆನಪಿಸುತ್ತದೆ. ಫೇರ್ಗಸ್ ಎಂಬುದು ಐರಿಷ್ ಮತ್ತು ಸ್ಕಾಟಿಷ್ ಪರಂಪರೆಯಲ್ಲಿ ಬಳಕೆಯಲ್ಲಿರುವ ಪುರುಷನಾಮವನ್ನು ಹೋಲುತ್ತದೆ. ರಾಜವಂಶದ ಹೆಸರಾದ ಬ್ಲೇಡಿಡ್‌ನಲ್ಲಿ ವೇಲ್ಸ್ ಭಾಷೆಯಲ್ಲಿ ತೋಳ ಎಂಬ ಅರ್ಥವುಳ್ಳ ಪದ ಅಡಗಿದೆ. ರಾಜಮನೆತನದ ಭರ್ಜಿಯಾದ ಅರೆಡ್‌ವಾರ್‌ನ ಹೆಸರು ಐರಿಷ್ ಪುರಾಣದ ವೀರ ಲೂಘನ ಭರ್ಜಿಯ ಹೆಸರಿನಿಂದ ಬಂದಿದೆ.

ಭೌಗೋಳಿಕ ನೆಲೆ

ಫೇರ್ಗಸ್ ಫೊಡ್ಲಾನ್ ಖಂಡದ ಉತ್ತರ ಭಾಗದಲ್ಲಿದೆ. ಇಲ್ಲಿನ ಹವಾಮಾನ ಅತಿ ಶೀತ. ಚಳಿಗಾಲ ದೀರ್ಘ, ಭೂಮಿ ಅಷ್ಟೇನೂ ಫಲವತ್ತಲ್ಲ. ಹೀಗಾಗಿ ದಕ್ಷಿಣದ ಸಾಮ್ರಾಜ್ಯಕ್ಕೆ ಹೋಲಿಸಿದರೆ ಈ ರಾಜ್ಯ ಬಡವಾಗಿದೆ. ಗಲಾಟಿಯಾದಂತಹ ಸಾಮಂತ ಮನೆತನಗಳು ತಮ್ಮ ಪ್ರಜೆಗಳ ಹೊಟ್ಟೆ ತುಂಬಿಸಲು ಹೆಣಗುತ್ತವೆ. ಆ ಮನೆತನದ ಮಗಳಾದ ಇಂಗ್ರಿಡ್‌ಗೆ ಸಿರಿವಂತರೊಡನೆ ವಿವಾಹ ಸಂಬಂಧ ಕುದುರಿಸಲು ಆಕೆಯ ತಂದೆ ಪದೇ ಪದೇ ಯತ್ನಿಸುವುದರ ಹಿಂದೆ ಈ ಬಡತನವೇ ಇದೆ.

ರಾಜ್ಯದ ಉತ್ತರಕ್ಕೆ ಸ್ರೆಂಗ್ ಎಂಬ ಪ್ರದೇಶವಿದ್ದು, ಅಲ್ಲಿನ ಜನರ ದಾಳಿಗಳನ್ನು ತಡೆಯುವ ಹೊಣೆ ಗೋಟಿಯೇ ಮನೆತನದ್ದು. ವಾಯವ್ಯದಲ್ಲಿ ಡಸ್ಕರ್ ಎಂಬ ಪರ್ಯಾಯದ್ವೀಪವಿದೆ. ದಕ್ಷಿಣದ ಗಡಿಯಲ್ಲಿ ಅರಿಯನ್‌ರಾಡ್ ಎಂಬ ಕೋಟೆನಗರವಿದೆ. 'ಬೆಳ್ಳಿಯ ಕನ್ಯೆ' ಎಂದು ಪ್ರಸಿದ್ಧವಾದ ಈ ಕೋಟೆ ಸಾಮ್ರಾಜ್ಯದ ಆಕ್ರಮಣದಿಂದ ರಾಜ್ಯವನ್ನು ಕಾಯುತ್ತದೆ. ಖಂಡದ ನಡುವೆ ಇರುವ ಗ್ಯಾರೆಗ್ ಮಾಖ್ ಮಠವು ಸೇರೋಸ್ ಧರ್ಮಸಂಸ್ಥೆಯ ಕೇಂದ್ರ. ಮೂರೂ ರಾಜ್ಯಗಳ ಕುಲೀನ ಮನೆತನದ ಮಕ್ಕಳು ಅಲ್ಲಿನ ಅಧಿಕಾರಿಗಳ ಅಕಾಡೆಮಿಯಲ್ಲಿ ಶಿಕ್ಷಣ ಪಡೆಯುತ್ತಾರೆ.

ಸ್ಥಾಪನೆ

ಆಟದ ಕಾಲಗಣನೆಯು ಅಡ್ರೆಸ್ಟಿಯಾ ಸಾಮ್ರಾಜ್ಯದ ಸ್ಥಾಪನೆಯಿಂದ ಆರಂಭವಾಗುತ್ತದೆ. ಅದನ್ನು ಸಾಮ್ರಾಜ್ಯ ಶಕೆ ಎಂದು ಕರೆಯಲಾಗುತ್ತದೆ. ಮೊದಲು ಫೇರ್ಗಸ್ ಪ್ರದೇಶವೂ ಆ ಸಾಮ್ರಾಜ್ಯದ ಭಾಗವಾಗಿತ್ತು. ಪುರಾತನ ವೀರ ಬ್ಲೇಡಿಡ್‌ನ ವಂಶಸ್ಥನಾದ ಲೂಗ್ ಎಂಬುವನು ಸಾಮ್ರಾಜ್ಯ ಶಕೆ 747ರಲ್ಲಿ ಬಂಡೆದ್ದನು. ಈ ಹೋರಾಟವು 'ಹದ್ದು ಮತ್ತು ಸಿಂಹದ ಯುದ್ಧ' ಎಂದು ಹೆಸರಾಯಿತು. ಹದ್ದು ಸಾಮ್ರಾಜ್ಯದ ಸಂಕೇತ, ಸಿಂಹ ಲೂಗ್‌ನ ಸಂಕೇತ. ಟೈಲ್ಟಿಯನ್ ಬಯಲಿನಲ್ಲಿ ಲೂಗ್ ಜಯ ಗಳಿಸಿದನು. 751ರಲ್ಲಿ ಸೇರೋಸ್ ಧರ್ಮಸಂಸ್ಥೆಯ ಮಧ್ಯಸ್ಥಿಕೆಯಿಂದ ಫೇರ್ಗಸ್ ಸ್ವತಂತ್ರ ರಾಜ್ಯವೆಂದು ಮಾನ್ಯತೆ ಪಡೆಯಿತು. ಧರ್ಮಸಂಸ್ಥೆಯೊಡನೆ ಈ ರಾಜ್ಯಕ್ಕಿರುವ ನಿಕಟ ನಂಟು ಅಂದಿನಿಂದಲೇ ಬೆಳೆದುಬಂದಿದ್ದು, 'ಪವಿತ್ರ' ಎಂಬ ವಿಶೇಷಣದಲ್ಲಿ ಅದು ಕಾಣುತ್ತದೆ.

ಲೂಗ್ ಮತ್ತು ಆತನ ಆಪ್ತಮಿತ್ರನಾದ ಯೋಧ ಕಿಫಾನ್‌ರ ಸಾಹಸಗಳು ರಾಜ್ಯದಲ್ಲಿ ವೀರಗಾಥೆಗಳಾಗಿ ಉಳಿದಿವೆ. ಕಿಫಾನ್ ಫ್ರಾಲ್ಡೇರಿಯಸ್ ಮನೆತನದ ಪೂರ್ವಜ. ರಾಜವಂಶಕ್ಕೂ ಆ ಮನೆತನಕ್ಕೂ ತಲೆಮಾರುಗಳಿಂದ ಇರುವ ಸ್ನೇಹವು ಈ ಗಾಥೆಗಳ ಮಾದರಿಯನ್ನೇ ಅನುಸರಿಸುತ್ತದೆ. ಆ ಮೊದಲ ಯುದ್ಧದ ನೆನಪಿಗಾಗಿ ಅಕಾಡೆಮಿಯ ಮೂರು ತಂಡಗಳು ಪ್ರತಿವರ್ಷ ಗ್ರಾಂಡರ್ ಬಯಲಿನಲ್ಲಿ ಅಣಕು ಕದನ ನಡೆಸುತ್ತವೆ. ನಂತರದ ಶತಮಾನಗಳಲ್ಲಿ ಲೆಸ್ಟರ್ ಪ್ರದೇಶವು ಫೇರ್ಗಸ್‌ನ ವಶಕ್ಕೆ ಬಂದು, ಮುಂದೆ ಅದರಿಂದ ಬೇರ್ಪಟ್ಟು, ಅರಸನಿಲ್ಲದ ಕುಲೀನರ ಒಕ್ಕೂಟವಾಯಿತು.

ಆಡಳಿತ ಮತ್ತು ಸಾಮಂತ ಮನೆತನಗಳು

ರಾಜನು ರಾಜ್ಯದ ಪರಮಾಧಿಕಾರಿಯಾದರೂ ಭೂಮಿ, ಸೈನ್ಯ ಮತ್ತು ನ್ಯಾಯದಾನದ ಅಧಿಕಾರಗಳು ಬಹುಮಟ್ಟಿಗೆ ಸಾಮಂತರ ಕೈಯಲ್ಲಿವೆ. ಡ್ಯೂಕ್, ಮಾರ್ಗ್ರೇವ್, ಕೌಂಟ್, ವೈಕೌಂಟ್ ಮತ್ತು ಬ್ಯಾರನ್ ಎಂಬ ಶ್ರೇಣಿಗಳು ಚಾಲ್ತಿಯಲ್ಲಿವೆ. ಪ್ರಮುಖ ಮನೆತನಗಳಲ್ಲಿ ಫ್ರಾಲ್ಡೇರಿಯಸ್, ಗೋಟಿಯೇ, ಗಲಾಟಿಯಾ, ಕ್ಯಾರನ್, ಡೊಮಿನಿಕ್ ಮತ್ತು ರೋವ್ ಸೇರಿವೆ. ಸಾಮಂತರ ನಿಷ್ಠೆ ಗಟ್ಟಿಯಾಗಿದ್ದರೆ ರಾಜ್ಯ ಬಲಿಷ್ಠ. ಅದು ಸಡಿಲವಾದಾಗ ರಾಜಧಾನಿಯೂ ಅರಸನ ಕೈತಪ್ಪುತ್ತದೆ ಎಂಬುದನ್ನು ಕಥೆಯ ಎರಡನೆಯ ಭಾಗ ತೋರಿಸುತ್ತದೆ.

ಧಾರ್ಮಿಕವಾಗಿಯೂ ರಾಜ್ಯದಲ್ಲಿ ಒಡಕಿದೆ. ಇಲ್ಲಿನ ಪಶ್ಚಿಮ ಧರ್ಮಸಂಸ್ಥೆಯು ಗ್ಯಾರೆಗ್ ಮಾಖ್‌ನ ಕೇಂದ್ರೀಯ ಪೀಠವನ್ನು ವಿರೋಧಿಸುತ್ತದೆ. ಗ್ಯಾಸ್ಪರ್ಡ್ ಪ್ರದೇಶದ ಸಾಮಂತ ಲೊನಾಟೊ ಎತ್ತಿದ ಬಂಡಾಯದ ಹಿಂದೆಯೂ ಈ ವಿರೋಧದ ಒತ್ತಾಸೆ ಇರುತ್ತದೆ. ಲೊನಾಟೊನ ಮಗ ಕ್ರಿಸ್ಟೋಫ್‌ನನ್ನು ಧರ್ಮಸಂಸ್ಥೆ ಮರಣದಂಡನೆಗೆ ಗುರಿಪಡಿಸಿದ್ದೇ ಬಂಡಾಯಕ್ಕೆ ಕಾರಣ. ಲೊನಾಟೊನ ದತ್ತುಪುತ್ರನಾದ ಆಶ್ ಅಕಾಡೆಮಿಯ ವಿದ್ಯಾರ್ಥಿ. ಅನಾಥನಾಗಿ ಕಳ್ಳತನಕ್ಕೆ ಇಳಿದಿದ್ದ ತನ್ನನ್ನು ಶಿಕ್ಷಿಸದೆ ಮನೆಯ ಮಗನಂತೆ ಸಾಕಿದವನ ವಿರುದ್ಧವೇ ಅವನು ಆಯುಧ ಹಿಡಿಯಬೇಕಾಗುತ್ತದೆ.

ಲಾಂಛನಗಳು ಮತ್ತು ಉತ್ತರಾಧಿಕಾರ

ಫೊಡ್ಲಾನ್‌ನ ಕೆಲವು ಕುಲೀನರ ರಕ್ತದಲ್ಲಿ ವಂಶಪಾರಂಪರ್ಯವಾಗಿ ಹರಿದುಬರುವ ಅಲೌಕಿಕ ಶಕ್ತಿಗೆ 'ಕ್ರೆಸ್ಟ್' ಅಥವಾ ಲಾಂಛನ ಎಂದು ಹೆಸರು. ಹತ್ತು ಮಂದಿ ಪುರಾತನ ವೀರರ ವಂಶಗಳಲ್ಲಿ ಉಳಿದಿರುವ 'ವೀರರ ಅವಶೇಷಗಳು' ಎಂಬ ಆಯುಧಗಳನ್ನು ಲಾಂಛನವುಳ್ಳವರು ಮಾತ್ರ ಸುರಕ್ಷಿತವಾಗಿ ಬಳಸಬಲ್ಲರು. ಫೇರ್ಗಸ್‌ನಲ್ಲಿ ಇಂತಹ ಆಯುಧಗಳು ಹಲವಿವೆ. ಬ್ಲೇಡಿಡ್ ವಂಶದ ಬಳಿ ಅರೆಡ್‌ವಾರ್ ಭರ್ಜಿ, ಫ್ರಾಲ್ಡೇರಿಯಸ್ ಮನೆತನದಲ್ಲಿ ಈಜಿಸ್ ಗುರಾಣಿ, ಗೋಟಿಯೇ ಮನೆತನದಲ್ಲಿ 'ವಿನಾಶದ ಭರ್ಜಿ', ಗಲಾಟಿಯಾ ಮನೆತನದಲ್ಲಿ ಲೂಯಿನ್, ಕ್ಯಾರನ್ ಮನೆತನದಲ್ಲಿ ಥಂಡರ್‌ಬ್ರ್ಯಾಂಡ್ ಖಡ್ಗ ಮತ್ತು ಡೊಮಿನಿಕ್ ಮನೆತನದಲ್ಲಿ ಕ್ರಷರ್ ಎಂಬ ಸುತ್ತಿಗೆ ಇವೆ.

ಗಡಿಯಾಚೆಯ ಶತ್ರುಗಳನ್ನು ತಡೆಯಲು ಈ ಆಯುಧಗಳು ಅಗತ್ಯವಾದ್ದರಿಂದ, ಲಾಂಛನವಿರುವ ಮಗುವೇ ಮನೆತನದ ಉತ್ತರಾಧಿಕಾರಿಯಾಗಬೇಕೆಂಬ ರೂಢಿ ಬೇರೂರಿದೆ. ಲಾಂಛನವು ಎಲ್ಲ ಮಕ್ಕಳಿಗೂ ಬರುವುದಿಲ್ಲ. ಗೋಟಿಯೇ ಮನೆತನದ ಹಿರಿಯ ಮಗ ಮಿಕ್ಲಾನ್‌ಗೆ ಅದು ಬರಲಿಲ್ಲ, ಕಿರಿಯ ಮಗ ಸಿಲ್ವೇನ್‌ಗೆ ಬಂದಿತು. ಹಕ್ಕು ಕಳೆದುಕೊಂಡು ಮನೆಯಿಂದ ಹೊರಬಿದ್ದ ಮಿಕ್ಲಾನ್ ದರೋಡೆಕೋರರ ನಾಯಕನಾಗಿ ವಿನಾಶದ ಭರ್ಜಿಯನ್ನು ಕದಿಯುತ್ತಾನೆ. ಅದನ್ನು ಬಳಸಲು ಹೋಗಿ ಕಪ್ಪು ಮೃಗವಾಗಿ ಮಾರ್ಪಡುತ್ತಾನೆ. ಸಿಲ್ವೇನ್‌ನ ಬದುಕೂ ಸುಖಕರವಲ್ಲ. ಅಣ್ಣನ ದ್ವೇಷವನ್ನು ಬಾಲ್ಯದಿಂದಲೇ ಉಂಡ ಅವನು, ತನ್ನ ಬಳಿ ಬರುವ ಹೆಣ್ಣುಮಕ್ಕಳಿಗೆ ಬೇಕಾಗಿರುವುದು ತಾನಲ್ಲ, ತನ್ನ ರಕ್ತದ ಲಾಂಛನ ಎಂದು ಕಹಿಯಾಗಿ ನಂಬಿರುತ್ತಾನೆ.

ಯೋಧಧರ್ಮ

ಫೇರ್ಗಸ್ ಸಮಾಜದಲ್ಲಿ ನೈಟ್ ಎಂಬ ಯೋಧಪದವಿಗೆ ಅತ್ಯುನ್ನತ ಗೌರವವಿದೆ. ಒಡೆಯನಿಗಾಗಿ ಪ್ರಾಣ ಕೊಡುವುದು ಯೋಧನ ಶ್ರೇಷ್ಠ ಧರ್ಮವೆಂದು ಮಕ್ಕಳಿಗೆ ಕಲಿಸಲಾಗುತ್ತದೆ. ಈ ಆದರ್ಶವನ್ನು ಆಟವು ಮೆಚ್ಚಿಕೊಂಡೇ ಪ್ರಶ್ನಿಸುತ್ತದೆ. ರಾಜನ ರಕ್ಷಣೆಯಲ್ಲಿದ್ದಾಗ ಮಡಿದ ಹಿರಿಯ ಮಗ ಗ್ಲೆನ್ ನಿಜವಾದ ಯೋಧನಂತೆ ಸತ್ತನೆಂದು ತಂದೆ ರೊಡ್ರಿಗ್ ಫ್ರಾಲ್ಡೇರಿಯಸ್ ಹೆಮ್ಮೆಪಡುತ್ತಾನೆ. ಆ ಮಾತನ್ನು ಕಿರಿಯ ಮಗ ಫೆಲಿಕ್ಸ್ ಎಂದಿಗೂ ಕ್ಷಮಿಸುವುದಿಲ್ಲ. ಗ್ಲೆನ್‌ನೊಡನೆ ವಿವಾಹ ನಿಶ್ಚಯವಾಗಿದ್ದ ಇಂಗ್ರಿಡ್ ಮಾತ್ರ ಅದೇ ಆದರ್ಶವನ್ನು ತನ್ನ ಬದುಕಿನ ಗುರಿಯಾಗಿಸಿಕೊಳ್ಳುತ್ತಾಳೆ. ರಾಜನನ್ನು ಉಳಿಸಲಾಗದ ಅಪರಾಧಭಾವದಿಂದ ನೊಂದ ಯೋಧ ಗುಸ್ತಾವ್, ಹೆಂಡತಿಯನ್ನೂ ಮಗಳು ಆನೆಟ್‌ಳನ್ನೂ ತೊರೆದು, ಗಿಲ್ಬರ್ಟ್ ಎಂಬ ಹೆಸರಿನಲ್ಲಿ ಧರ್ಮಸಂಸ್ಥೆಯ ಸೇವೆಗೆ ಸೇರುತ್ತಾನೆ. ಒಡೆಯನಿಗೆ ತೋರಿದ ನಿಷ್ಠೆಯು ಮನೆಯವರಿಗೆ ದ್ರೋಹವಾಗಬಹುದೆಂಬುದನ್ನು ಈ ತಂದೆ ಮಗಳ ಪ್ರಸಂಗ ಸ್ಪಷ್ಟಪಡಿಸುತ್ತದೆ.

ಡಸ್ಕರ್ ದುರಂತ

ಸಾಮ್ರಾಜ್ಯ ಶಕೆ 1176ರಲ್ಲಿ ಡಸ್ಕರ್‌ಗೆ ತೆರಳಿದ್ದ ರಾಜ ಲ್ಯಾಂಬರ್ಟ್ ಮತ್ತು ಆತನ ಪರಿವಾರದ ಮೇಲೆ ದಾಳಿ ನಡೆಯಿತು. ರಾಜನೂ ಗ್ಲೆನ್‌ನೂ ಸೇರಿ ಬಹುತೇಕ ಎಲ್ಲರೂ ಹತರಾದರು. ಯುವರಾಜ ಡಿಮಿತ್ರಿ ಬದುಕುಳಿದನು. ತಪ್ಪನ್ನು ಡಸ್ಕರ್‌ನ ಜನರ ಮೇಲೆ ಹೊರಿಸಲಾಯಿತು. ಅವರು ನಿರಪರಾಧಿಗಳೆಂದು ಡಿಮಿತ್ರಿ ಹೇಳಿದರೂ ಯಾರೂ ಕಿವಿಗೊಡಲಿಲ್ಲ. ಪ್ರತೀಕಾರವಾಗಿ ರಾಜ್ಯದ ಸೈನ್ಯವು ಡಸ್ಕರ್‌ನ ಮೇಲೆ ಎರಗಿ ಸಾಮೂಹಿಕ ಹತ್ಯೆ ನಡೆಸಿತು. ಉಳಿದವರು ನೆಲೆ ಕಳೆದುಕೊಂಡು ತಿರಸ್ಕೃತರಾಗಿ ಬಾಳಬೇಕಾಯಿತು. ಆ ಭೂಮಿಯು ಕ್ಲೈಮನ್ ಮನೆತನದ ಪಾಲಾಯಿತು.

ರಾಜನ ಸುಧಾರಣೆಗಳನ್ನು ಸಹಿಸದ ರಾಜ್ಯದ ಕೆಲವು ಕುಲೀನರೂ, 'ಕತ್ತಲಲ್ಲಿ ಹರಿಯುವವರು' ಎಂದು ಕರೆಯಲ್ಪಡುವ ಗುಪ್ತಕೂಟವೂ ಸೇರಿ ಈ ಸಂಚು ನಡೆಸಿದ್ದವೆಂಬ ಸಂಗತಿ ಮುಂದೆ ತಿಳಿದುಬರುತ್ತದೆ. ಹತ್ಯಾಕಾಂಡದಲ್ಲಿ ಬಂಧುಗಳನ್ನೆಲ್ಲ ಕಳೆದುಕೊಂಡ ಡಸ್ಕರ್‌ನ ಬಾಲಕ ಡೆಡ್ಯೂನನ್ನು ಡಿಮಿತ್ರಿ ಕಾಪಾಡುತ್ತಾನೆ. ಅಂದಿನಿಂದ ಅವನು ಯುವರಾಜನ ಅಂಗರಕ್ಷಕನಾಗುತ್ತಾನೆ. ಡಿಮಿತ್ರಿ ಇನ್ನೂ ಬಾಲಕನಾದ್ದರಿಂದ ಲ್ಯಾಂಬರ್ಟ್‌ನ ಅಣ್ಣ ರೂಫಸ್ ರಾಜಪ್ರತಿನಿಧಿಯಾಗಿ ಆಡಳಿತ ನಡೆಸುತ್ತಾನೆ. ಸತ್ತವರು ಸೇಡಿಗಾಗಿ ತನ್ನನ್ನು ಕಾಡುತ್ತಿದ್ದಾರೆಂಬ ಭ್ರಮೆ ಡಿಮಿತ್ರಿಯ ಮನಸ್ಸನ್ನು ಕ್ರಮೇಣ ಆವರಿಸುತ್ತದೆ.

ಯುದ್ಧಕಾಲ ಮತ್ತು ಕಥೆಯ ಮಾರ್ಗಗಳು

ಆಟದ ಮೊದಲ ಭಾಗವು 1180ರಲ್ಲಿ ಅಕಾಡೆಮಿಯಲ್ಲಿ ಆರಂಭವಾಗುತ್ತದೆ. ಸಾಮ್ರಾಜ್ಯದ ಎಡೆಲ್‌ಗಾರ್ಡ್ ಧರ್ಮಸಂಸ್ಥೆಯ ಮೇಲೆ ಯುದ್ಧ ಸಾರುವುದರೊಂದಿಗೆ ಆ ಭಾಗ ಮುಗಿಯುತ್ತದೆ. ಎರಡನೆಯ ಭಾಗ ಐದು ವರ್ಷಗಳ ನಂತರ ನಡೆಯುತ್ತದೆ. ಆಟಗಾರನ ಆಯ್ಕೆಯನ್ನು ಅವಲಂಬಿಸಿ ಫೇರ್ಗಸ್‌ನ ಗತಿ ಬದಲಾಗುತ್ತದೆ.

'ಅಝೂರ್ ಮೂನ್' ಎಂಬ ಮಾರ್ಗವು ಫೇರ್ಗಸ್‌ನ ಪಕ್ಷದ ಕಥೆ. ಆಸ್ಥಾನದ ಮಾಂತ್ರಿಕೆ ಕಾರ್ನೀಲಿಯಾ, ರೂಫಸ್‌ನ ಕೊಲೆಯ ಆರೋಪವನ್ನು ಡಿಮಿತ್ರಿಯ ಮೇಲೆ ಹೊರಿಸಿ ಮರಣದಂಡನೆ ವಿಧಿಸುತ್ತಾಳೆ. ಡೆಡ್ಯೂನ ನೆರವಿನಿಂದ ಅವನು ತಪ್ಪಿಸಿಕೊಳ್ಳುತ್ತಾನಾದರೂ ಲೋಕವು ಅವನನ್ನು ಸತ್ತನೆಂದೇ ತಿಳಿಯುತ್ತದೆ. ಪಶ್ಚಿಮದ ಸಾಮಂತರು ಸಾಮ್ರಾಜ್ಯಕ್ಕೆ ಶರಣಾಗುತ್ತಾರೆ. ಅವರ ನೆಲವು ಕಾರ್ನೀಲಿಯಾಳ ಕೈಕೆಳಗೆ ಫೇರ್ಗಸ್ ಡ್ಯೂಕ್‌ಡಮ್ ಎಂದು ಕರೆಸಿಕೊಳ್ಳುತ್ತದೆ. ಪೂರ್ವದಲ್ಲಿ ಫ್ರಾಲ್ಡೇರಿಯಸ್ ಮತ್ತು ಗೋಟಿಯೇ ಮನೆತನಗಳು ಪ್ರತಿರೋಧ ಮುಂದುವರಿಸುತ್ತವೆ. ಒಂದು ಕಣ್ಣು ಕಳೆದುಕೊಂಡು, ಸೇಡಿನ ಹೊರತು ಬೇರೇನನ್ನೂ ಕಾಣದ ಸ್ಥಿತಿಯಲ್ಲಿ ಡಿಮಿತ್ರಿ ಹಿಂತಿರುಗುತ್ತಾನೆ. ಗ್ರಾಂಡರ್ ಯುದ್ಧದ ನಂತರ ರೊಡ್ರಿಗ್ ಅವನನ್ನು ಉಳಿಸಲು ತನ್ನ ಪ್ರಾಣ ಕೊಡುತ್ತಾನೆ. ಸತ್ತವರ ಇಚ್ಛೆಗಾಗಿ ಅಲ್ಲ, ತಾನು ನಂಬಿದ್ದಕ್ಕಾಗಿ ಬದುಕಬೇಕೆಂಬ ಅರಿವು ಡಿಮಿತ್ರಿಗೆ ಆಗುವುದು ಆ ಬಳಿಕವೇ. ಅವನು ಫಿರ್ಡಿಯಾಡ್ ನಗರವನ್ನು ಮರಳಿ ಪಡೆದು, ಎಡೆಲ್‌ಗಾರ್ಡ್‌ಳನ್ನು ಸೋಲಿಸಿ, ಇಡೀ ಫೊಡ್ಲಾನ್‌ನ ಅರಸನಾಗುತ್ತಾನೆ. ಎಡೆಲ್‌ಗಾರ್ಡ್ ಅವನ ಮಲತಾಯಿಯ ಮಗಳು. ಬಾಲ್ಯದಲ್ಲಿ ಅವಳು ಫಿರ್ಡಿಯಾಡ್‌ನಲ್ಲಿ ಇದ್ದಾಗ ಡಿಮಿತ್ರಿ ಅವಳಿಗೊಂದು ಕಠಾರಿಯನ್ನು ಉಡುಗೊರೆಯಾಗಿ ಕೊಟ್ಟಿರುತ್ತಾನೆ. ಕೊನೆಯ ಭೇಟಿಯಲ್ಲಿ ಆ ಕಠಾರಿಯೇ ಅವನ ಮೇಲೆ ತಿರುಗುತ್ತದೆ.

'ಕ್ರಿಮ್ಸನ್ ಫ್ಲವರ್' ಮಾರ್ಗದಲ್ಲಿ ಆಟಗಾರನು ಎಡೆಲ್‌ಗಾರ್ಡ್‌ಳ ಪಕ್ಷದಲ್ಲಿರುತ್ತಾನೆ. ಇಲ್ಲಿ ಡಿಮಿತ್ರಿ ಧರ್ಮಸಂಸ್ಥೆಯ ಮಿತ್ರನಾದ ಅರಸ. ಲೂಗ್ ರಾಜ್ಯವನ್ನು ಗೆದ್ದ ಟೈಲ್ಟಿಯನ್ ಬಯಲಿನಲ್ಲಿಯೇ ಆತನ ವಂಶದ ಕೊನೆಯ ರಾಜ ಮಡಿಯುತ್ತಾನೆ. ಬಳಿಕ ಧರ್ಮಾಧ್ಯಕ್ಷೆ ರೇಯಾಳ ಆದೇಶದಂತೆ ಫಿರ್ಡಿಯಾಡ್‌ಗೆ ಬೆಂಕಿ ಹಚ್ಚಲಾಗುತ್ತದೆ. ತಾನು ರಕ್ಷಕನೆಂದು ನಂಬಿದ್ದ ಶಕ್ತಿಯಿಂದಲೇ ನಗರ ಸುಡುವ ಈ ಸನ್ನಿವೇಶದಲ್ಲಿ ರಾಜ್ಯದ ಕಥೆ ಅಂತ್ಯ ಕಾಣುತ್ತದೆ. 'ವರ್ಡೆಂಟ್ ವಿಂಡ್' ಮತ್ತು 'ಸಿಲ್ವರ್ ಸ್ನೋ' ಮಾರ್ಗಗಳಲ್ಲಿ ಡಿಮಿತ್ರಿಯ ಸಾವು ಕಥೆಯ ಅಂಚಿನಲ್ಲಿ, ಬಹುಮಟ್ಟಿಗೆ ಸುದ್ದಿಯಾಗಿ ಬಂದುಹೋಗುತ್ತದೆ.

ಆಟದ ವಿನ್ಯಾಸದಲ್ಲಿ

ಅಕಾಡೆಮಿಯಲ್ಲಿ ಫೇರ್ಗಸ್‌ನ ವಿದ್ಯಾರ್ಥಿಗಳ ತಂಡಕ್ಕೆ 'ಬ್ಲೂ ಲಯನ್ಸ್', ಎಂದರೆ ನೀಲಿ ಸಿಂಹಗಳು ಎಂಬ ಹೆಸರಿದೆ. ಡಿಮಿತ್ರಿ, ಡೆಡ್ಯೂ, ಫೆಲಿಕ್ಸ್, ಆಶ್, ಸಿಲ್ವೇನ್, ಮರ್ಸಿಡಿಸ್, ಆನೆಟ್ ಮತ್ತು ಇಂಗ್ರಿಡ್ ಇದರ ಸದಸ್ಯರು. ಆಟಗಾರನು ಬೈಲೆತ್ ಎಂಬ ಅಧ್ಯಾಪಕನಾಗಿ ಅಥವಾ ಅಧ್ಯಾಪಕಿಯಾಗಿ ಒಂದು ತಂಡವನ್ನು ಆರಿಸಿಕೊಂಡು ತರಬೇತಿ ನೀಡುತ್ತಾನೆ. ಕದನಗಳು ಚೌಕಗಳಾಗಿ ವಿಂಗಡಿಸಿದ ಬಯಲಿನಲ್ಲಿ ಸರದಿಯಂತೆ ನಡೆಯುತ್ತವೆ. ಡಿಮಿತ್ರಿ, ಸಿಲ್ವೇನ್ ಮತ್ತು ಇಂಗ್ರಿಡ್ ಮೂವರೂ ಭರ್ಜಿಯಲ್ಲಿ ನಿಪುಣರಾಗಿರುವುದು ರಾಜ್ಯದ ಅಶ್ವಯೋಧ ಪರಂಪರೆಗೆ ಹೊಂದುತ್ತದೆ. ಲಾಂಛನವಿಲ್ಲದ ಪಾತ್ರವು ವೀರರ ಅವಶೇಷವನ್ನು ಬಳಸಿದರೆ ಕದನದ ನಂತರ ಅದಕ್ಕೆ ಹಾನಿಯಾಗುತ್ತದೆ. ಮಿಕ್ಲಾನ್‌ನ ಕಥೆಯಲ್ಲಿ ಕಂಡ ನಿಯಮವೇ ಹೀಗೆ ಆಟದ ಲೆಕ್ಕಾಚಾರದಲ್ಲಿಯೂ ಪಾಲನೆಯಾಗುತ್ತದೆ.

ಆಟದ ನಿರ್ದೇಶಕರು ತೊಶಿಯುಕಿ ಕುಸಾಕಿಹಾರ ಮತ್ತು ಗೆಂಕಿ ಯೊಕೋತಾ. ಪಾತ್ರಗಳ ರೂಪವಿನ್ಯಾಸ ಚಿನಾತ್ಸು ಕುರಾಹಾನ ಅವರದು. ಡಿಮಿತ್ರಿಯ ಪಾತ್ರಕ್ಕೆ ಜಪಾನಿ ಆವೃತ್ತಿಯಲ್ಲಿ ಕೈತೊ ಇಶಿಕಾವಾ ಮತ್ತು ಇಂಗ್ಲಿಷ್ ಆವೃತ್ತಿಯಲ್ಲಿ ಕ್ರಿಸ್ ಹ್ಯಾಕ್ನಿ ಧ್ವನಿ ನೀಡಿದ್ದಾರೆ.

ಇತರ ಆಟದಲ್ಲಿ

2022ರ ಜೂನ್ 24ರಂದು ಬಿಡುಗಡೆಯಾದ 'ಫೈರ್ ಎಂಬ್ಲೆಮ್ ವಾರಿಯರ್ಸ್: ತ್ರೀ ಹೋಪ್ಸ್' ಎಂಬ ಆಟದಲ್ಲಿ ಇದೇ ರಾಜ್ಯ ಮತ್ತೆ ಕಾಣಿಸಿಕೊಳ್ಳುತ್ತದೆ. ಅದರ ಕಥೆ ಮೂಲದ ಮುಂದುವರಿಕೆಯಲ್ಲ, ಬೇರೆ ಸಾಧ್ಯತೆಯೊಂದರ ನಿರೂಪಣೆ. ಶೆಝ್ ಎಂಬ ಬಾಡಿಗೆ ಯೋಧ ಇದರ ಮುಖ್ಯ ಪಾತ್ರ. ಇಲ್ಲಿ ಡಿಮಿತ್ರಿ ಆಸ್ಥಾನದ ಸಂಚನ್ನು ಮುರಿದು, ಸಿಂಹಾಸನಕ್ಕಾಗಿ ಐದು ವರ್ಷ ಅಲೆಯದೆ, ಮಿತ್ರರ ನಡುವೆಯೇ ಪಟ್ಟವೇರುತ್ತಾನೆ.