ನಮ್ಮೊಳಗಿನ ಮಾತಿಗೆ ದೇವರ ವಾಕ್ಯವೇ ಉತ್ತರ

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬುದು ನಮ್ಮ ಹಿರಿಯರ ಗಾದೆ. ಬಾಯಿಂದ ಹೊರಡುವ ಮಾತಿನ ಬಗೆಗೆ ನಾವು ಸಾಕಷ್ಟು ಎಚ್ಚರ ವಹಿಸುತ್ತೇವೆ. ಪಾಪನಿವೇದನೆಗೆ ಮುನ್ನ ಆತ್ಮಶೋಧನೆ ಮಾಡಿಕೊಳ್ಳುವಾಗ ಆಡಿದ ಸುಳ್ಳು, ಬೈಗುಳ, ಚಾಡಿಮಾತುಗಳನ್ನು ಒಂದೊಂದಾಗಿ ನೆನಪಿಗೆ ತಂದುಕೊಳ್ಳುತ್ತೇವೆ. ಆದರೆ ದಿನವಿಡೀ ನಮ್ಮೊಳಗೇ ಆಡಿಕೊಳ್ಳುವ ಮಾತುಗಳ ಕಡೆಗೆ ನಮ್ಮ ಗಮನ ಹರಿಯುವುದು ಅಪರೂಪ. ‘ನನ್ನಿಂದ ಏನೂ ಆಗದು’, ‘ನನ್ನನ್ನು ಕೇಳುವವರಿಲ್ಲ’, ‘ದೇವರು ನನ್ನನ್ನು ಮರೆತಿದ್ದಾರೆ’ ಎಂಬ ಮಾತುಗಳು ಪಕ್ಕದಲ್ಲಿ ಕುಳಿತವರ ಕಿವಿಗೂ ಬೀಳುವುದಿಲ್ಲ. ಆದರೂ ಗೆದ್ದಲು ಮರವನ್ನು ತಿನ್ನುವಂತೆ ವಿಶ್ವಾಸವನ್ನು ಒಳಗಿನಿಂದಲೇ ತಿಂದುಹಾಕುವ ಶಕ್ತಿ ಅವುಗಳಿಗಿದೆ.

ಮನಸ್ಸಿಗೆ ಒಳ್ಳೆಯ ಮಾತುಗಳನ್ನೇ ಹೇಳಿಕೊಳ್ಳುತ್ತಿದ್ದರೆ ಎಲ್ಲವೂ ಒಳ್ಳೆಯದಾಗುತ್ತದೆ ಎಂದು ಉಪದೇಶಿಸುವ ಪುಸ್ತಕಗಳಿಗೂ ಭಾಷಣಕಾರರಿಗೂ ಇಂದು ಬರವಿಲ್ಲ. ಕ್ರೈಸ್ತ ವಿಶ್ವಾಸ ಹೇಳುವುದೂ ಇದನ್ನೇ ಏನು? ಶುಭಸಂದೇಶವನ್ನು ತೆರೆದು ನೋಡೋಣ.

ಶುಭಸಂದೇಶದಲ್ಲಿ ಒಳಮಾತು

ಮನುಷ್ಯರು ತಮ್ಮೊಳಗೆ ಆಡಿಕೊಂಡ ಮಾತುಗಳಿಗೆ ಸಂತ ಲೂಕರು ತಮ್ಮ ಶುಭಸಂದೇಶದಲ್ಲಿ ವಿಶೇಷ ಸ್ಥಾನ ನೀಡಿದ್ದಾರೆ. 12ನೆಯ ಅಧ್ಯಾಯದಲ್ಲಿ, ಸಮೃದ್ಧ ಬೆಳೆ ಕಂಡ ಧನಿಕನೊಬ್ಬ ಹಳೆಯ ಕಣಜಗಳನ್ನು ಕೆಡವಿ ದೊಡ್ಡವನ್ನು ಕಟ್ಟುವ ಯೋಜನೆ ಹಾಕುತ್ತಾನೆ. ಹಲವು ವರ್ಷಗಳಿಗೆ ಸಾಲುವಷ್ಟು ಕೂಡಿಟ್ಟಾಯಿತು, ಇನ್ನು ಸುಖವಾಗಿರಬಹುದು ಎಂದು ತನಗೆ ತಾನೇ ಭರವಸೆ ಹೇಳಿಕೊಳ್ಳುತ್ತಾನೆ. ಗಮನಿಸಬೇಕಾದ ಸಂಗತಿಯೆಂದರೆ, ಅವನು ಆಡಿದ್ದು ಉತ್ಸಾಹದ ಮಾತು. ನಿರಾಶೆಯ ಒಂದು ಪದವೂ ಅದರಲ್ಲಿಲ್ಲ. ಆದರೆ ಆ ಮಾತಿನ ತುಂಬ ‘ನಾನು’, ‘ನನ್ನದು’. ನೆರೆಯವರಿಗಾಗಲಿ ದೇವರಿಗಾಗಲಿ ಅಲ್ಲಿ ಎಡೆಯೇ ಇಲ್ಲ. ಆ ರಾತ್ರಿಯೇ ಅವನು ಪ್ರಾಣ ಒಪ್ಪಿಸಬೇಕಾಯಿತು.

15ನೆಯ ಅಧ್ಯಾಯದ ದುಂದುಗಾರ ಮಗನೂ ತನ್ನೊಳಗೆ ಮಾತನಾಡಿಕೊಳ್ಳುತ್ತಾನೆ. ಹಂದಿಗಳ ನಡುವೆ ಹಸಿದು ಕುಳಿತ ಅವನಿಗೆ ಹೇಳಿಕೊಳ್ಳಲು ಸಿಹಿಮಾತೇನೂ ಇರಲಿಲ್ಲ. ತನ್ನ ಪಾಪವನ್ನೂ ತನ್ನ ಹಸಿವನ್ನೂ ಇದ್ದಂತೆಯೇ ಒಪ್ಪಿಕೊಂಡ. ತಂದೆಗೆ ಹೇಳಬೇಕಾದ ಮಾತನ್ನು ಅಲ್ಲಿಯೇ ಸಿದ್ಧಪಡಿಸಿಕೊಂಡು ಎದ್ದು ಹೊರಟ. ತಾನು ಇನ್ನು ಮಗನೆನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯಾಳಾಗಿ ಇಟ್ಟುಕೊಂಡರೆ ಸಾಕು ಎಂಬುದು ಅವನ ತೀರ್ಮಾನ. ಆದರೆ ಮನೆ ತಲುಪಿ ಆ ಮಾತನ್ನು ಒಪ್ಪಿಸುವಾಗ, ಕೂಲಿಯಾಳಿನ ವಿಷಯ ಬಾಯಿಂದ ಹೊರಡುವ ಮುನ್ನವೇ ತಂದೆ ಮೇಲಾದ ಉಡುಪನ್ನೂ ಉಂಗುರವನ್ನೂ ಪಾದರಕ್ಷೆಗಳನ್ನೂ ತರಿಸಿದ. ಮಗ ತನ್ನ ಮೇಲೆ ತಾನೇ ವಿಧಿಸಿಕೊಂಡಿದ್ದ ತೀರ್ಪನ್ನು ತಂದೆಯ ಮಾತು ತಿದ್ದಿತು.

ಸಂತ ಮತ್ತಾಯರ 9ನೆಯ ಅಧ್ಯಾಯದಲ್ಲಿ 12 ವರ್ಷಗಳಿಂದ ರಕ್ತಸ್ರಾವದಿಂದ ಬಳಲುತ್ತಿದ್ದ ಮಹಿಳೆಯೊಬ್ಬಳಿದ್ದಾಳೆ. ಯೇಸುಸ್ವಾಮಿಯ ಉಡುಪನ್ನು ಮುಟ್ಟಿದರೂ ಸಾಕು, ತಾನು ಗುಣಹೊಂದುವೆನೆಂದು ಅವಳು ತನ್ನೊಳಗೆ ಹೇಳಿಕೊಂಡಳು. ಆ ಮಾತು ಅವಳನ್ನು ಯೇಸುವಿನ ಬಳಿಗೆ ಕರೆದೊಯ್ಯಿತು. ಅಶುದ್ಧಳೆಂದು ಜನರಿಂದ ದೂರವುಳಿಯಬೇಕಾಗಿದ್ದ ಅವಳಿಗೆ ದೊರೆತ ಉತ್ತರದ ಮೊದಲ ಸಂಬೋಧನೆಯೇ ‘ಮಗಳೇ’ ಎಂಬುದು.

ಈ ಮೂವರನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಒಳಮಾತು ಸಿಹಿಯೋ ಕಹಿಯೋ ಎಂಬುದಕ್ಕಿಂತ ಅದು ಯಾರ ಕಡೆಗೆ ಮುಖ ಮಾಡಿದೆ ಎಂಬುದೇ ಮುಖ್ಯ. ಧನಿಕನ ಮಾತು ಅವನಲ್ಲಿಯೇ ಸುತ್ತಿ ಅವನಲ್ಲಿಯೇ ಮುಗಿಯಿತು. ಮಗನ ಮಾತು ತಂದೆಯ ಬಾಗಿಲನ್ನೂ, ಆ ಮಹಿಳೆಯ ಮಾತು ಪ್ರಭುವಿನ ಉಡುಪಿನ ಅಂಚನ್ನೂ ಮುಟ್ಟಿತು.

ಮರುಭೂಮಿಯ ಪಾಠ

ಈ ಸತ್ಯವನ್ನು ಸಾಧನೆಯ ಮಾರ್ಗವಾಗಿ ರೂಪಿಸಿದವರಲ್ಲಿ ಪೊಂತದ ಎವಾಗ್ರಿಯಸ್ ಪ್ರಮುಖರು. ಕ್ರಿ.ಶ. 345ರ ಸುಮಾರಿಗೆ ಇಂದಿನ ತುರ್ಕಿ ದೇಶದ ಪೊಂತ ಪ್ರಾಂತ್ಯದಲ್ಲಿ ಜನಿಸಿದ ಅವರು ಈಜಿಪ್ಟಿನ ಮರುಭೂಮಿಯಲ್ಲಿ ಸನ್ಯಾಸಿಯಾಗಿ ಬಾಳಿ 399ರಲ್ಲಿ ನಿಧನರಾದರು. ಅವರ ಬೇರೆ ಕೆಲವು ಬೋಧನೆಗಳನ್ನು ಧರ್ಮಸಭೆ ಮುಂದೆ ಅಂಗೀಕರಿಸಲಿಲ್ಲ. ಆದರೆ ಮನಸ್ಸನ್ನು ಕುರಿತು ಅವರು ನೀಡಿದ ತಿಳುವಳಿಕೆ ಜಾನ್ ಕಾಸಿಯನ್ ಅವರ ಬರಹಗಳ ಮೂಲಕ ಪಶ್ಚಿಮದ ಮಠಗಳನ್ನು ತಲುಪಿತು. ಮನುಷ್ಯನನ್ನು ಕಾಡುವ ಎಂಟು ದುರಾಲೋಚನೆಗಳನ್ನು ಅವರು ಗುರುತಿಸಿದರು. ಧರ್ಮೋಪದೇಶದಲ್ಲಿ ನಾವು ಕಲಿತ ಏಳು ಮೂಲಪಾಪಗಳ ಪಟ್ಟಿ ಬೆಳೆದುಬಂದದ್ದು ಅದರಿಂದಲೇ.

ಆ ಎಂಟರಲ್ಲಿ ಒಂದು, ಜಡತೆ ಬೆರೆತ ಬೇಸರ. ಅದು ಆವರಿಸಿದ ಸನ್ಯಾಸಿಗೆ ಸೂರ್ಯ ನಿಂತಲ್ಲೇ ನಿಂತಂತೆ, ಹಗಲಿಗೆ 50 ಗಂಟೆಗಳಿರುವಂತೆ ತೋರುತ್ತದೆಂದು ಎವಾಗ್ರಿಯಸ್ ವರ್ಣಿಸುತ್ತಾರೆ. ಅವನ ಕಣ್ಣು ಮತ್ತೆ ಮತ್ತೆ ಕಿಟಕಿಯ ಕಡೆಗೆ ಹೊರಳುತ್ತದೆ. ಸಹೋದರರಲ್ಲಿ ಪ್ರೀತಿ ಬತ್ತಿಹೋಗಿದೆ, ತನ್ನನ್ನು ಸಂತೈಸುವವರು ಯಾರೂ ಇಲ್ಲ ಎಂದು ಒಳಗಿನ ಧ್ವನಿ ಪಿಸುಗುಟ್ಟುತ್ತದೆ. 1,600 ವರ್ಷಗಳ ಹಿಂದಿನ ಈ ಚಿತ್ರದಲ್ಲಿ ತಮ್ಮ ಮುಖವನ್ನೇ ಕಾಣುವವರು ನಮ್ಮಲ್ಲಿಯೂ ಉಂಟು.

ಅದಕ್ಕೆ ಅವರು ಸೂಚಿಸಿದ ಔಷಧ ಹೀಗಿದೆ: ಕಣ್ಣೀರಿನೊಡನೆ ಆತ್ಮವನ್ನು ಎರಡು ಭಾಗ ಮಾಡಿಕೊಳ್ಳಬೇಕು, ಒಂದು ಭಾಗ ಸಂತೈಸಬೇಕು, ಇನ್ನೊಂದು ಸಾಂತ್ವನ ಪಡೆಯಬೇಕು. ಸಂತೈಸುವ ಮಾತುಗಳನ್ನು ಅವರು ಕೀರ್ತನೆಗಳಿಂದ ಆಯ್ದುಕೊಂಡರು. 42ನೆಯ ಕೀರ್ತನೆಯ ಭಕ್ತ ತನ್ನ ಆತ್ಮವನ್ನೇ ಎದುರಿಗೆ ನಿಲ್ಲಿಸಿ, ಏಕೆ ಕುಗ್ಗಿರುವೆ ಎಂದು ಪ್ರಶ್ನಿಸುತ್ತಾನೆ. ದೇವರಲ್ಲಿ ನಂಬಿಕೆಯಿಡಲು ಹೇಳುತ್ತಾನೆ. 42 ಮತ್ತು 43ನೆಯ ಕೀರ್ತನೆಗಳಲ್ಲಿ ಈ ಪಲ್ಲವಿ ಮೂರು ಬಾರಿ ಬರುತ್ತದೆ. ಒಮ್ಮೆ ಹೇಳಿದ ಮಾತ್ರಕ್ಕೆ ಆ ಭಕ್ತನ ದುಃಖ ತೀರಲಿಲ್ಲ. ಕಣ್ಣೀರು ಮತ್ತೆ ಹರಿಯಿತು, ಅವನು ಮತ್ತೆ ಹೇಳಿಕೊಂಡ. ತನ್ನ ಅಳಲನ್ನು ಅವನು ಮುಚ್ಚಿಡಲಿಲ್ಲ, ಆದರೆ ಕೊನೆಯ ಮಾತನ್ನು ಅದಕ್ಕೆ ಬಿಟ್ಟುಕೊಡಲೂ ಇಲ್ಲ.

ಎವಾಗ್ರಿಯಸ್ ಇನ್ನೂ ಮುಂದೆ ಹೋಗಿ, ಎಂಟು ಬಗೆಯ ಆಲೋಚನೆಗಳಿಗೆ ಪ್ರತ್ಯುತ್ತರವಾಗಿ ಹೇಳಬೇಕಾದ ಸುಮಾರು 500 ಪವಿತ್ರಗ್ರಂಥದ ವಾಕ್ಯಗಳನ್ನು ಒಂದೇ ಪುಸ್ತಕದಲ್ಲಿ ಜೋಡಿಸಿಕೊಟ್ಟರು. ಇದಕ್ಕೆ ಯೇಸುವೇ ಅವರಿಗೆ ಮಾದರಿ. ಮರುಭೂಮಿಯಲ್ಲಿ ಸೈತಾನ ಮೂರು ಬಾರಿ ಶೋಧಿಸಿದಾಗ ಪ್ರಭು ಮೂರು ಬಾರಿಯೂ ಧರ್ಮೋಪದೇಶಕಾಂಡದ ವಾಕ್ಯಗಳಿಂದಲೇ ಉತ್ತರಿಸಿದರು.

ಕತ್ತಲೆಯಲ್ಲಿ ಒಬ್ಬ ಸಂತೆ

ಉತ್ತರ ಕೊಟ್ಟ ಮೇಲೂ ಕತ್ತಲೆ ಕರಗದಿದ್ದರೆ? ಫ್ರಾನ್ಸಿನ ಲಿಸ್ಯೂ ಪಟ್ಟಣದ ಕಾರ್ಮೆಲ್ ಮಠದಲ್ಲಿದ್ದ ಬಾಲಯೇಸುವಿನ ಸಂತ ತೆರೇಸಾ ಈ ಅನುಭವವನ್ನು ಬಲ್ಲರು. 1896ರ ಪವಿತ್ರವಾರದಲ್ಲಿ ಅವರಿಗೆ ಮೊದಲ ಬಾರಿ ರಕ್ತ ಕಾರುವಂತಾಯಿತು. ಅದಾದ ಸ್ವಲ್ಪದರಲ್ಲಿಯೇ ಅವರ ಮನಸ್ಸಿಗೆ ದಟ್ಟ ಕತ್ತಲೆ ಕವಿಯಿತು. ಸ್ವರ್ಗವೆಂಬುದು ಬರಿಯ ಕನಸು, ಮುಂದಿರುವುದು ಶೂನ್ಯವೇ ಎಂಬ ಅಣಕದ ಧ್ವನಿ ಅವರೊಳಗೆ ಕೇಳತೊಡಗಿತು. ಆಗ ಅವರು ವಿಶ್ವಾಸಪ್ರಮಾಣವನ್ನು ತಮ್ಮ ರಕ್ತದಲ್ಲಿಯೇ ಬರೆದು ಎದೆಯ ಬಳಿ ಇಟ್ಟುಕೊಂಡರು. ಆ ಒಂದು ವರ್ಷದಲ್ಲಿ ಮಾಡಿದಷ್ಟು ವಿಶ್ವಾಸದ ನಿವೇದನೆಗಳನ್ನು ಅದಕ್ಕೆ ಮುನ್ನ ಜೀವಮಾನದಲ್ಲಿಯೇ ಮಾಡಿರಲಿಲ್ಲವೆಂದು ಅವರು ಬರೆದಿದ್ದಾರೆ. 1897ರ ಸೆಪ್ಟೆಂಬರ್ 30ರಂದು, 24ರ ಹರೆಯದಲ್ಲಿ ಸಾಯುವತನಕವೂ ಆ ಶೋಧನೆ ನಿಲ್ಲಲಿಲ್ಲ. ಧರ್ಮಸಭೆ 1997ರಲ್ಲಿ ಅವರನ್ನು ತನ್ನ ಆಚಾರ್ಯರ ಸಾಲಿಗೆ ಸೇರಿಸಿತು. ಬಾಯಿ ವಿಶ್ವಾಸವನ್ನು ನುಡಿಯುವಾಗ ಹೃದಯ ಒಣಗಿದ್ದರೆ ಅದು ಕಪಟವೆಂದು ಅಂಜುವವರಿಗೆ ಅವರ ಬಾಳು ದೊಡ್ಡ ಧೈರ್ಯ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ದೇವರ ವಾಕ್ಯ ಮಂತ್ರವಲ್ಲ. ಅದನ್ನು ಜಪಿಸಿದೊಡನೆ ಸಾಲ ತೀರುತ್ತದೆಂದಾಗಲಿ ರೋಗ ಮಾಯವಾಗುತ್ತದೆಂದಾಗಲಿ ಭಾವಿಸಬಾರದು. ವಾರಗಟ್ಟಲೆ ನಿದ್ದೆ, ಊಟ, ಬದುಕುವ ಆಸೆ ಕುಂದಿದ್ದರೆ ಅದು ಕಾಯಿಲೆಯಾಗಿರಬಹುದು. ಅಂಥವರನ್ನು ವಿಶ್ವಾಸ ಸಾಲದೆಂದು ಗದರಿಸುವುದು ಕ್ರೂರತನ. ವೈದ್ಯರ ಬಳಿಗೆ ಕರೆದೊಯ್ಯುವುದು ಕ್ರೈಸ್ತ ಪ್ರೀತಿ. 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ 14416ರ ಮೂಲಕ ಉಚಿತವಾಗಿ ಕರೆ ಮಾಡಬಹುದು.

ಮನೆಯಿಂದಲೇ ಆರಂಭ

ಮಕ್ಕಳ ಒಳಮಾತಿಗೆ ಮೊದಲ ಅಕ್ಷರ ತಿದ್ದಿಸುವವರು ಹೆತ್ತವರು. ಅಂಕ ಕಡಿಮೆ ಬಂದ ದಿನ ‘ನೀನು ಯಾತಕ್ಕೂ ಬಾರದವನು’ ಎಂದು ನಾವು ಆಡಿದ ಮಾತು ನಮಗೆ ಮರುದಿನವೇ ಮರೆತುಹೋಗುತ್ತದೆ. ಆದರೆ ಮಗು ಅದನ್ನು ಎತ್ತಿಟ್ಟುಕೊಂಡು, ‘ನಾನು ಯಾತಕ್ಕೂ ಬಾರದವನು’ ಎಂದು ತಿದ್ದಿ, ವರ್ಷಗಟ್ಟಲೆ ತನಗೆ ತಾನೇ ಹೇಳಿಕೊಳ್ಳುತ್ತದೆ. ಪುಟ್ಟ ಕಿಡಿ ಇಡೀ ಕಾಡನ್ನು ಸುಡುವಂತೆ ನಾಲಿಗೆ ಬಾಳನ್ನು ಸುಡಬಲ್ಲುದೆಂದು ಸಂತ ಯಕೋಬರು ತಮ್ಮ ಪತ್ರದ 3ನೆಯ ಅಧ್ಯಾಯದಲ್ಲಿ ಎಚ್ಚರಿಸಿರುವುದು ನಮ್ಮ ಊಟದ ಮನೆಗೂ ಅನ್ವಯಿಸುತ್ತದೆ.

ಆದುದರಿಂದ ರಾತ್ರಿ ಜಪಸರದ ಪ್ರಾರ್ಥನೆ ಮುಗಿದ ಮೇಲೆ ಎರಡು ನಿಮಿಷ ಮೌನವಾಗಿರೋಣ. ಇಂದು ನಮ್ಮೊಳಗೆ ಹೆಚ್ಚು ಬಾರಿ ಸುಳಿದ ಮಾತು ಯಾವುದೆಂದು ಹುಡುಕಿ, ಅದನ್ನು ಇದ್ದಂತೆಯೇ ದೇವರಿಗೆ ಹೇಳೋಣ. ಅನಂತರ ಅದಕ್ಕೆ ಅವರ ವಾಕ್ಯದಲ್ಲಿ ಉತ್ತರ ಹುಡುಕೋಣ. ದೇವರು ಮರೆತಿದ್ದಾರೆಂಬ ಅಳಲಿಗೆ ಯೆಶಾಯನ ಗ್ರಂಥದ 49ನೆಯ ಅಧ್ಯಾಯವಿದೆ, ಕೈಲಾಗದೆಂಬ ಅಂಜಿಕೆಗೆ ಯೆರೆಮೀಯನ ಮೊದಲನೆಯ ಅಧ್ಯಾಯವಿದೆ, ಹಳೆಯ ಪಾಪದ ಭಾರಕ್ಕೆ ಲೂಕರ 15ನೆಯ ಅಧ್ಯಾಯವಿದೆ. ಮನೆಯಲ್ಲಿ ಒಬ್ಬರಿಗೆ ಹೇಳಿಕೊಳ್ಳುವ ಬಲವಿಲ್ಲದಿದ್ದಾಗ ಮತ್ತೊಬ್ಬರು ಅವರಿಗಾಗಿ ಓದಬಹುದು; ಆತ್ಮದ ಸಂತೈಸುವ ಭಾಗವಾಗಿ ನಿಲ್ಲಲು ಕುಟುಂಬಕ್ಕೂ ಕರೆಯಿದೆ.

ಪ್ರತಿ ಬಲಿಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸುವ ಮುನ್ನ ನಾವು ಕಫೆರ್ನವುಮಿನ ಶತಾಧಿಪತಿಯ ಮಾತನ್ನು ನಮ್ಮದಾಗಿಸಿಕೊಳ್ಳುತ್ತೇವೆ. ನಾವು ಯೋಗ್ಯರಲ್ಲವೆಂದು ಒಪ್ಪಿಕೊಂಡ ಉಸಿರಿನಲ್ಲಿಯೇ, ಗುಣಪಡಿಸುವ ಒಂದು ಮಾತನ್ನು ಪ್ರಭುವಿನಿಂದ ಬೇಡುತ್ತೇವೆ. ಬರುವ ಭಾನುವಾರ ಆ ಪ್ರಾರ್ಥನೆಯನ್ನು ಹೇಳುವಾಗ ಅವಸರಪಡದೆ, ಅದರ ಮೊದಲರ್ಧದಲ್ಲಿಯೇ ನಿಂತುಬಿಡದೆ, ಕೊನೆಯವರೆಗೂ ಮನಸ್ಸಿಟ್ಟು ಹೇಳೋಣ.