ಊಟಾದ ಮ್ಯಾಲ ತಾಲೀಮು

ನಮ್ಮ ಕಡೆ ‘ತಾಲೀಮು’ ಅಂದರೆ ಎರಡರ್ಥ. ನಸುಕಿನಲ್ಲಾದರೆ ಕುಸ್ತಿ, ರಾತ್ರಿಯಾದರೆ ನಾಟಕ. ಕಲಿಸುವುದು ಎಂಬರ್ಥದ ಅರಬ್ಬಿ ಮಾತು ಮರಾಠಿ ಸೀಮೆ ದಾಟಿ ಬಂದು ನಮ್ಮ ಗರಡಿಮನೆಯಲ್ಲೂ ಗುಡಿಯ ಪೌಳಿಯಲ್ಲೂ ಠಿಕಾಣಿ ಹೂಡಿದೆ. ಎರಡಕ್ಕೂ ಒಬ್ಬ ಗುರು ಬೇಕು. ಕುಸ್ತಿಯವನು ಉಸ್ತಾದ, ನಾಟಕದವನು ಮಾಸ್ತರ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಜಾತ್ರೆಗೆ ಬರವಿಲ್ಲ. ಬಾಗೇವಾಡಿಯ ಮೂಲನಂದೀಶ್ವರನಿಗೆ ಶ್ರಾವಣದಲ್ಲಿ ಜಾತ್ರೆ, ಗೋಲಗೇರಿಗೆ ಗೊಲ್ಲಾಳೇಶ್ವರ, ದೇವರ ಹಿಪ್ಪರಗಿಗೆ ರಾವುತರಾಯ. ಈ ದೊಡ್ಡವರನ್ನು ಬಿಟ್ಟರೂ ಊರೂರಿಗೆ ಒಬ್ಬ ಹನುಮಪ್ಪನೋ ಬಸವಣ್ಣನೋ ಲಕ್ಕವ್ವನೋ ಇದ್ದೇ ಇರುತ್ತಾರೆ. ದೇವರಿದ್ದಲ್ಲಿ ಜಾತ್ರೆ, ಜಾತ್ರೆಯಿದ್ದಲ್ಲಿ ತೇರು, ತೇರು ಎಳೆದ ರಾತ್ರಿ ನಾಟಕ. ಆ ಒಂದು ರಾತ್ರಿಯನ್ನು ನೋಡಿದವರು ಸಾವಿರಾರು ಮಂದಿ. ಅದರ ಹಿಂದಿನ ತಿಂಗಳೊಪ್ಪತ್ತಿನ ತಾಲೀಮನ್ನು ಕೂತು ನೋಡಿದವರು ಕಡಿಮೆ. ನಾನು ನಟನಾಗಲು ಹೊರಟವನು, ಒಂದು ವರ್ಷ ರಂಗಶಾಲೆಯಲ್ಲೂ ಕಲಿತು ಬಂದವನು. ನನ್ನನ್ನು ಕೇಳಿದರೆ ಕಸುಬು ಇರುವುದು ತಾಲೀಮಿನಲ್ಲೇ. ಜಾತ್ರೆಯ ರಾತ್ರಿ ಅದರ ಊಟ, ಅಡಿಗೆಯಾದದ್ದು ಪೌಳಿಯಲ್ಲಿ.

ನನ್ನ ಮೊದಲ ತಾಲೀಮು ಇಂಡಿ ತಾಲೂಕಿನ ನಮ್ಮೂರಲ್ಲಿ, ಏಳನೇ ಇಯತ್ತೆಯಲ್ಲಿದ್ದಾಗ. ನನಗೆ ಪಾರ್ಟು ಇರಲಿಲ್ಲ. ತಡವರಿಸದೆ ಓದುತ್ತೇನೆಂದು ಪುಸ್ತಕ ಕೈಗೆ ಕೊಟ್ಟು ಮಾತು ಹೇಳಿಕೊಡಲು ಕೂರಿಸಿದ್ದರು. ಪುಸ್ತಕ ಪಿ.ಬಿ. ಧುತ್ತರಗಿಯವರದು. ಮುದ್ದೇಬಿಹಾಳದಿಂದ ಕೃಷ್ಣೆ ದಾಟಿದರೆ ಹುನಗುಂದ ತಾಲೂಕು. ಅಲ್ಲಿಯ ಸೂಳೇಬಾವಿಯಲ್ಲಿ 1929ರಲ್ಲಿ ಹುಟ್ಟಿದವರು ಧುತ್ತರಗಿ. ರಾಜಕುಮಾರ್ ನಟಿಸಿದ 1974ರ ‘ಸಂಪತ್ತಿಗೆ ಸವಾಲ್’ ಸಿನೆಮಾ ಎಲ್ಲರಿಗೂ ಗೊತ್ತು, ಅದು ಮೊದಲು ಅವರ ನಾಟಕ ಅನ್ನುವುದು ಹಳ್ಳಿಯ ಕಲಾವಿದರಿಗೆ ಚೆನ್ನಾಗಿ ಗೊತ್ತು. ಕಂಪನಿಗಾಗಿ ಬರೆದ ಇಂಥ ನಾಟಕಗಳು ಅಚ್ಚಾಗಿ, ಕಂಪನಿಯ ಡೇರೆ ಕಿತ್ತುಹೋದ ಮೇಲೂ ಹಳ್ಳಿಗಳಲ್ಲಿ ಉಳಿದುಕೊಂಡವು. ನನ್ನ ಕೈಗೆ ಬಂದ ಪ್ರತಿಯ ಅಂಚಿನಲ್ಲಿ ಮೂರು ಬಗೆಯ ಪೆನ್ಸಿಲ್ ಗುರುತಿದ್ದವು, ಮೂರು ಬೇರೆ ಬೇರೆ ವರ್ಷದ ಮಾಸ್ತರರವು. ಒಬ್ಬ ಬಿಟ್ಟ ಮಾತನ್ನು ಇನ್ನೊಬ್ಬ ಮತ್ತೆ ಸೇರಿಸಿದ್ದ.

ಪಾತ್ರ ಹಂಚಿದ ಮೇಲೆ ಪಟ್ಟಿ. ಯಾರೆಷ್ಟು ಹಣ ಹಾಕಬೇಕು ಎಂಬ ಪಟ್ಟಿ. ನಮ್ಮೂರಲ್ಲಿ ನಾಯಕನ ಪಾರ್ಟಿನವನಿಗೆ ಹೆಚ್ಚು, ಪೊಲೀಸನಿಗೆ ಕಡಿಮೆ. ಪೇಟೆಯ ನಟನಿಗೆ ನಟಿಸಿದರೆ ದುಡ್ಡು ಕೊಡುತ್ತಾರೆ, ಹಳ್ಳಿಯ ನಟ ತಾನೇ ದುಡ್ಡು ಕೊಟ್ಟು ನಟಿಸುತ್ತಾನೆ. ಆ ದುಡ್ಡಿನಲ್ಲಿ ಮಾಸ್ತರ, ಪೇಟಿ, ತಬಲಾ, ಬಾಡಿಗೆಯ ಸೀನರಿ, ದೀಪ, ಮೈಕು, ಹೊರಗಿಂದ ಬರುವ ಕಲಾವಿದೆಯರ ಸಂಭಾವನೆ ಎಲ್ಲ ಆಗಬೇಕು.

ಊಟ ಮುಗಿದು ದನಗಳಿಗೆ ಕಣಿಕಿ ಹಾಕಿ, ಹತ್ತರ ಹೊತ್ತಿಗೆ ಒಬ್ಬೊಬ್ಬರೇ ಬರುತ್ತಿದ್ದರು. ಮಾಸ್ತರರು ಪೇಟಿಯ ಮುಂದೆ, ಕಂಬಕ್ಕೆ ಬೆನ್ನು ಕೊಟ್ಟು. ಅವರ ಮೊದಲ ಪಾಠ ಒಂದೇ: ‘ಹಿಂದ ಗ್ವಾಡಿಗೆ ಆನಿಕಿ ಕುಂತ ಮುದುಕಗ ಕೇಳಬೇಕು. ಮಾತ ನುಂಗಬ್ಯಾಡ.’ ಖಳನಾಯಕನ ಪಾರ್ಟಿನ ಕಾಕಾಗೆ ಓದು ಬರುತ್ತಿರಲಿಲ್ಲ. ನಾನು ಮೂರು ಸಲ ಓದುತ್ತಿದ್ದೆ, ನಾಲ್ಕನೆಯದಕ್ಕೆ ಅವನು ಒಪ್ಪಿಸುತ್ತಿದ್ದ. ಮರುದಿನ ಹೊಲದಲ್ಲಿ ಗಳೇ ಹೊಡೆಯುತ್ತ ಅದನ್ನೇ ಗರ್ಜಿಸುತ್ತಿದ್ದ. ಜಾತ್ರೆ ಬರುವಷ್ಟರಲ್ಲಿ ಅವನ ಎತ್ತುಗಳಿಗೂ ಆ ಪಾರ್ಟು ಬರುತ್ತಿತ್ತೆಂದು ಊರೆಲ್ಲ ನಗುತ್ತಿತ್ತು. ನಗಲಿ. ಆ ಕಾಕಾನ ನೆನಪಿನ ಶಕ್ತಿಯನ್ನು ನಾನು ಆಮೇಲೆ ರಂಗಶಾಲೆಯಲ್ಲೂ ಕಾಣಲಿಲ್ಲ.

ಕಲಾವಿದೆಯರು ಬರುವುದು ನಾಟಕದ ಮುನ್ನಾದಿನ, ಕೆಲವೊಮ್ಮೆ ಅದೇ ದಿನ ಮಧ್ಯಾಹ್ನದ ಬಸ್ಸಿಗೆ. ತಿಂಗಳುಗಟ್ಟಲೆ ನಾವು ತಯಾರಿಸಿದ್ದಕ್ಕೆ ಅವರು ಎರಡು ತಾಸಿನಲ್ಲಿ ಹೊಂದಿಕೊಳ್ಳಬೇಕು. ಆ ವರ್ಷ ಬಂದವರು ನಡುವಯಸ್ಸಿನವರು. ಕೈಚೀಲ ಕೆಳಗಿಟ್ಟು, ಚಾ ಕುಡಿದು, ಕೇಳಿದ್ದು ಒಂದೇ: ‘ಎಲ್ಲೆಲ್ಲಿ ಕಡಿದೀರಿ?’ ಮಾಸ್ತರರು ಬಿಟ್ಟ ಮಾತುಗಳನ್ನು ತೋರಿಸಿದರು. ಅಷ್ಟೇ, ಪುಸ್ತಕ ಮುಚ್ಚಿಟ್ಟರು. ನಮ್ಮ ನಾಯಕ ಅವರೆದುರು ನಿಂತು ನಡುಗುತ್ತಿದ್ದ. ಅವನಿಗೆ ಮೆಲ್ಲಗೆ ಹೇಳಿದ ಮಾತು ಪಕ್ಕದಲ್ಲಿದ್ದ ನನಗೆ ಕೇಳಿಸಿತು. ‘ತಮ್ಮಾ, ನನ್ನ ಮಾರಿ ನೋಡಬ್ಯಾಡ. ನನ್ನ ಮಾತ ಕೇಳು. ನಾ ಉಸಿರು ತಗೊಂಡಲ್ಲಿ ನೀ ಸುರು ಮಾಡು.’ ಆಗ ಅದು ಅರ್ಥವಾಗಲಿಲ್ಲ. ಅರ್ಥವಾಗಲು ಹತ್ತು ವರ್ಷ ಬೇಕಾಯಿತು.

ರಾತ್ರಿಯ ಆಟದ ಬಗ್ಗೆ ಹೆಚ್ಚು ಹೇಳುವುದಿಲ್ಲ, ನೀವೆಲ್ಲ ನೋಡಿದ್ದೀರಿ. ನಾಂದಿ, ಕಾಯಿ ಒಡೆಯುವುದು, ಅರಮನೆ ಸೀನು ಏಳುವಾಗ ಅರ್ಧಕ್ಕೆ ಸಿಕ್ಕಿಕೊಳ್ಳುವುದು. ಒಂದನ್ನು ಮಾತ್ರ ಬಿಡಲಾರೆ: ಆಯೇರಿ. ಕಥೆ ಒಳ್ಳೆ ಬಿಸಿಯಲ್ಲಿದ್ದಾಗ ಯಾರೋ ವೇದಿಕೆ ಹತ್ತಿ ನಟನಿಗೆ ಟಾವೆಲ್ ಹೊದಿಸುತ್ತಾರೆ, ಉಂಗುರ ತೊಡಿಸುತ್ತಾರೆ, ಮೈಕಿನಲ್ಲಿ ಕೊಟ್ಟವರ ಹೆಸರು, ಮೊತ್ತ, ನಂಟು ಎಲ್ಲ ಕೂಗುತ್ತಾರೆ. ಸಾಯುತ್ತಿದ್ದ ತಾಯಿ ಎದ್ದು ಕೂತು ಆಯೇರಿ ತೆಗೆದುಕೊಂಡು ಮತ್ತೆ ಮಲಗಿ ಸಾಯುತ್ತಾಳೆ. ರಂಗಶಾಲೆಯಲ್ಲಿ ಇದನ್ನು ಹೇಳಿದಾಗ ಗೆಳೆಯರು ಬಿದ್ದು ಬಿದ್ದು ನಕ್ಕರು. ಆದರೆ ಒಂದು ಮಾತು: ಹಾಗೆ ಮೂರು ಸಲ ಎದ್ದು ಮೂರು ಸಲ ಸತ್ತ ಆ ಕಲಾವಿದೆ ಪ್ರತಿ ಸಲವೂ ಮಂದಿಯ ಕಣ್ಣಲ್ಲಿ ನೀರು ತರಿಸಿದ್ದರು. ಪಾತ್ರದೊಳಗೆ ಹೋಗುವುದು, ಹೊರಗೆ ಬರುವುದು ಅಂದರೆ ಇದೇ. ನಾವು ಅದನ್ನು ಪುಸ್ತಕದಲ್ಲಿ ಹುಡುಕುತ್ತಿದ್ದೆವು.

ರಂಗಶಾಲೆಯ ಮೊದಲ ತಿಂಗಳುಗಳಲ್ಲಿ ನಾಟಕವೇ ಇರಲಿಲ್ಲ. ನಡೆಯುವುದು, ಉಸಿರಾಡುವುದು, ಸುಮ್ಮನೆ ನಿಲ್ಲುವುದು. ಹಳ್ಳಿಯಲ್ಲಿ ಮೈಕಿಲ್ಲದೆ ಕೂಗಿ ಬೆಳೆದ ನನ್ನ ದನಿಗೆ ಎಲ್ಲರೂ ತಲೆದೂಗಿದರು, ಸುಮ್ಮನಿರಲು ಬಾರದ್ದಕ್ಕೆ ಬೈದರು. ಭರತನ ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ ಓದಿದೆವು. ನಟ ‘ಆ ಜಾಗದಲ್ಲಿ ನಾನಿದ್ದರೆ?’ ಎಂದು ಕೇಳಿಕೊಳ್ಳಬೇಕೆಂದ ರಶ್ಯದ ಸ್ತಾನಿಸ್ಲಾವ್‌ಸ್ಕಿಯನ್ನೂ ಓದಿದೆವು. ಆಮೇಲೆ ಕೈಗೆ ಬಂದದ್ದು ಗಿರೀಶ ಕಾರ್ನಾಡರ ‘ತಲೆದಂಡ’.

ನಮ್ಮ ಜಿಲ್ಲೆಯವನಿಗೆ ಆ ನಾಟಕ ಬೇರೆ ಥರ ತಾಗುತ್ತದೆ. ಬಸವಣ್ಣನ ಊರು ಬಾಗೇವಾಡಿ ನಮಗೆ ಸಂತೆಗೆ ಹೋಗುವ ಊರು. ನಮ್ಮ ಹಿರಿಯರಿಗೆ ಬಸವಣ್ಣನೆಂದರೆ ‘ಜಗಜ್ಯೋತಿ ಬಸವೇಶ್ವರ’ ನಾಟಕದ ಏಣಗಿ ಬಾಳಪ್ಪ. 1914ರಲ್ಲಿ ಹುಟ್ಟಿ 2017ರವರೆಗೆ ಬಾಳಿದ ಆ ಹಿರಿಯ ನಟ ಆ ಪಾತ್ರದಿಂದಲೇ ಮನೆಮಾತಾದವರು. ಕಾರ್ನಾಡರು ತಲೆದಂಡ ಬರೆದದ್ದು ದೇಶದಲ್ಲಿ ಮಂದಿರ ಮತ್ತು ಮಂಡಲದ ಗದ್ದಲವೆದ್ದ ಹೊತ್ತಿನಲ್ಲಿ. 1990ರಲ್ಲಿ ಬಂದ ಕೃತಿಗೆ 1994ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರ ಬಸವಣ್ಣ ಪವಾಡ ಮಾಡುವವನಲ್ಲ, ತಾನು ಹಚ್ಚಿದ ದೀಪದಿಂದ ಊರಿಗೇ ಬೆಂಕಿ ಹತ್ತಿತೇ ಎಂದು ಕಂಗೆಡುವವನು.

ನನ್ನ ಪಾರ್ಟು ಜಗದೇವ. ಮೊದಲ ದೃಶ್ಯದಲ್ಲಿ ಅವನ ತಂದೆ ಸಾಂಬಶಿವ ಶಾಸ್ತ್ರಿ ಸಾಯುತ್ತ ಮಗನನ್ನು ಕರೆಯುತ್ತಿದ್ದಾರೆ. ಮಗ ಶರಣರ ಜೊತೆ ಬೊಕ್ಕಸದ ಮುಂದೆ ಕಾವಲು ಕೂತಿದ್ದಾನೆ. ಕೊನೆಗೆ ಬರುತ್ತಾನೆ, ಬರುವಾಗ ಗೆಳೆಯ ಮಲ್ಲಿಬೊಮ್ಮನನ್ನೂ ಕರೆತರುತ್ತಾನೆ. ಮಲ್ಲಿಬೊಮ್ಮ ಚರ್ಮ ಹದ ಮಾಡುವವರ ಮಗ. ಬ್ರಾಹ್ಮಣರ ಮನೆಯೊಳಗೆ ಕಾಲಿಡಲು ಹಿಂಜರಿಯುತ್ತಾನೆ. ಜಗದೇವ ಬಿಡುವುದಿಲ್ಲ.

ಒಂದು ಹೊಸ್ತಿಲು, ಇಬ್ಬರು ಹುಡುಗರು. ಎರಡು ನಿಮಿಷದ ಕೆಲಸ. ಅದನ್ನು ನಾನು ಹತ್ತು ದಿನ ಕೆಡಿಸಿದೆ. ಗೆಳೆಯನ ಮುಂಗೈ ಹಿಡಿದು ಭರ್ಜರಿಯಾಗಿ ಎಳೆಯುತ್ತಿದ್ದೆ, ಎಳೆಯುವಾಗ ಮುಖ ಮಾತ್ರ ಪ್ರೇಕ್ಷಕರ ಕಡೆ. ಇದು ಜಾತ್ರೆಯ ರೂಢಿ. ನಿರ್ದೇಶಕರು ಮೊದಮೊದಲು ಬೈದರು, ಆಮೇಲೆ ಬೈಯುವುದನ್ನೂ ಬಿಟ್ಟರು. ಹನ್ನೊಂದನೆಯ ದಿನ ಇಷ್ಟೇ ಅಂದರು: ‘ಎಳೆಯುವುದಕ್ಕೆ ಮುಂಚೆ ಅವನ ಕಾಲು ನೋಡು.’

ನೋಡಿದೆ. ಗೆಳೆಯನ ಕಾಲ ಬೆರಳುಗಳು ಹೊಸ್ತಿಲಿನ ಗೆರೆಗೆ ನಾಲ್ಕು ಬೆರಳು ಹಿಂದೆ ಮಡಚಿಕೊಂಡು ನಿಂತಿದ್ದವು. ಆ ಕಾಲನ್ನು ನಾನು ಮೊದಲೇ ಕಂಡಿದ್ದೆ.

ನಮ್ಮೂರ ಪೌಳಿಯ ಕಟ್ಟೆ ಸೊಂಟದೆತ್ತರ. ತಾಲೀಮಿನ ಹೊತ್ತಿಗೆ ಎಲ್ಲರೂ ಮೇಲೆ ಕೂರುತ್ತಿದ್ದರು. ಹಾಸ್ಯ ಪಾತ್ರದ ಅಣ್ಣ ಮಾತ್ರ ಕೆಳಗೆ, ಮೆಟ್ಟಿಲ ಪಕ್ಕದ ಕಲ್ಲಿನ ಮೇಲೆ. ಅವನು ಆಚೆ ಕೇರಿಯವನು. ಅವನ ಸರದಿ ಬಂದಾಗ ಮೇಲೆ ಹತ್ತುತ್ತಿದ್ದ. ಒಂದು ದೃಶ್ಯದಲ್ಲಿ ಸಾಹುಕಾರನ ವೇಷ ಹಾಕಿ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ಗೌಡರ ಮಗನ ಪಾರ್ಟಿನವನಿಗೇ ಬೈಯುತ್ತಿದ್ದ, ಗೌಡರ ಮಗ ಕೈಕಟ್ಟಿ ನಿಂತು ಬೈಸಿಕೊಳ್ಳುತ್ತಿದ್ದ. ಊರೇ ನಗುತ್ತಿತ್ತು. ದೃಶ್ಯ ಮುಗಿದೊಡನೆ ಇಳಿದು ಮತ್ತೆ ಅದೇ ಕಲ್ಲಿಗೆ. ಇಳಿಯುವಾಗ ಅವನ ಬೆರಳುಗಳು ಕಟ್ಟೆಯ ಅಂಚಿನಲ್ಲಿ ಹೀಗೇ ಒಂದು ಕ್ಷಣ ಮಡಚಿಕೊಳ್ಳುತ್ತಿದ್ದವು. ಯಾರೂ ಇಳಿ ಅಂದದ್ದಿಲ್ಲ. ಯಾರೂ ಕೂರು ಅಂದದ್ದೂ ಇಲ್ಲ. ಪುಸ್ತಕ ಹಿಡಿದು ಅವನಿಗೆ ಮಾತು ಹೇಳಿಕೊಡುತ್ತಿದ್ದ ನಾನೂ ಅನ್ನಲಿಲ್ಲ.

ಆ ದಿನ ಕೈ ತಾನಾಗಿ ಮೆತ್ತಗಾಯಿತು. ಎಳೆಯಲಿಲ್ಲ, ಹಿಡಿದುಕೊಂಡೆ. ಮಾತು ಹೊರಟಾಗ ನಾನು ಎಲ್ಲಿಗೆ ಮುಖ ಮಾಡಿದ್ದೆನೋ ನೆನಪಿಲ್ಲ. ನಿರ್ದೇಶಕರು ‘ಮುಂದಿನ ದೃಶ್ಯ’ ಎಂದರು. ರಂಗಶಾಲೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಮೊದಲ ಪ್ರದರ್ಶನದಲ್ಲೇ ಮಾತು ಮರೆತೆ. ಜಾತ್ರೆಯ ನಾಟಕದಲ್ಲಾದರೆ ಪೇಟಿ ಮಾಸ್ತರ ಒಂದು ಸ್ವರ ಒತ್ತಿ ಹಿಡಿಯುತ್ತಾನೆ, ಮರೆಯಿಂದ ಹುಡುಗ ಸಾಲು ಎಸೆಯುತ್ತಾನೆ, ನೀವು ಅದನ್ನು ಎತ್ತಿಕೊಂಡು ನಡೆಯುತ್ತೀರಿ. ಇಲ್ಲಿ ಪೇಟಿಯಿಲ್ಲ, ಹುಡುಗನಿಲ್ಲ. ಎದುರಿಗೆ ತಾಯಿಯ ಪಾತ್ರದ ಹುಡುಗಿ ಮಾತು ಮುಗಿಸಿ ಒಂದು ಉಸಿರು ತೆಗೆದುಕೊಂಡಳು. ಉಸಿರು ತಗೊಂಡಲ್ಲಿ ನೀ ಸುರು ಮಾಡು! ಮುಂದಿನ ಮಾತು ಎಲ್ಲಿತ್ತೋ, ಬಂತು. ‘ಎದುರಿನ ನಟನನ್ನು ಆಲಿಸು’ ಎಂದು ರಂಗಶಾಲೆ ಒಂದು ವರ್ಷ ಹೇಳಿದ್ದನ್ನು ಬಸ್ಸಿನಿಂದಿಳಿದು ಬಂದ ಆ ಅಕ್ಕ ಒಂದೇ ಮಾತಿನಲ್ಲಿ ಹೇಳಿ ಹೋಗಿದ್ದರು.

ಇನ್ನೊಂದು ಸಂಗತಿ. ರಂಗಶಾಲೆಯ ಗ್ರಂಥಾಲಯದಲ್ಲಿ ಒಂದು ಸಂಜೆ ಶ್ರೀರಂಗರ ಪರಿಚಯ ಓದುತ್ತಿದ್ದೆ. ಆದ್ಯ ರಂಗಾಚಾರ್ಯ, ಹುಟ್ಟು 1904. ಊರು ಅಗರಖೇಡ. ನಾನು ಪುಸ್ತಕ ಕೆಳಗಿಟ್ಟೆ. ಅಗರಖೇಡ ನಮ್ಮ ಇಂಡಿ ತಾಲೂಕಿನದು! ಬಸ್ಸಿನ ಬೋರ್ಡಿನ ಮೇಲೆ ಎಷ್ಟು ಸಲ ಓದಿದ ಹೆಸರು. ಪುಣೆ, ಲಂಡನ್ನುಗಳಲ್ಲಿ ಓದಿ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದವರು, ‘ಹರಿಜನ್ವಾರ’, ‘ಕೇಳು ಜನಮೇಜಯ’ ಮುಂತಾಗಿ ರಾಶಿ ನಾಟಕ ಬರೆದು ಹವ್ಯಾಸಿ ರಂಗಭೂಮಿಯ ದಿಕ್ಕನ್ನೇ ತಿರುಗಿಸಿದವರು, ಭರತನ ನಾಟ್ಯಶಾಸ್ತ್ರವನ್ನು ಇಂಗ್ಲಿಷಿಗೆ ತಂದವರು, 1972ರಲ್ಲಿ ಪದ್ಮಭೂಷಣ ಪಡೆದವರು ನಮ್ಮ ನೆರೆಯ ಊರಿನವರೆಂದು ನಮಗೆ ಸಾಲೆಯಲ್ಲಿ ಯಾರೂ ಹೇಳಿರಲಿಲ್ಲ. ‘ಗರತಿಯ ಹಾಡು’ ಕೂಡಿಸಿ 1931ರಲ್ಲಿ ಅಚ್ಚು ಹಾಕಿಸಿದ ಹಲಸಂಗಿಯ ಗೆಳೆಯರ ಹೆಸರನ್ನಾದರೂ ಹೇಳಿದ್ದರು. ಶ್ರೀರಂಗರ ನಾಟಕ ನಮ್ಮ ಪೌಳಿಯಲ್ಲಿ ತಾಲೀಮಾದದ್ದನ್ನು ನಾನು ಕಂಡಿಲ್ಲ. ಅದರಲ್ಲಿ ಆಯೇರಿಗೆ ಜಾಗವಿಲ್ಲ ಎಂದು ನಮ್ಮವರು ಹೆದರುತ್ತಾರೇನೋ. ಧುತ್ತರಗಿಯವರ ಪಕ್ಕದಲ್ಲಿ ಅವರನ್ನೂ ಕೂರಿಸುವ ಧೈರ್ಯ ಯಾವ ಮಾಸ್ತರ ಮಾಡುತ್ತಾನೋ ನೋಡಬೇಕು.

ಈ ಚಳಿಗಾಲ ಊರಿಗೆ ಹೋಗಿದ್ದೆ. ಮಾಸ್ತರರಿಗೆ ವಯಸ್ಸಾಗಿದೆ, ಪೇಟಿಯ ಎರಡು ಮನೆ ದನಿ ಕಳೆದುಕೊಂಡಿವೆ, ಆ ಎರಡನ್ನು ಹಾರಿಸಿ ನುಡಿಸುತ್ತಾರೆ. ‘ಏನ್ ಕಲತಿ ಅಲ್ಲಿ?’ ಎಂದರು. ‘ಸುಮ್ಮ ನಿಂದ್ರೂದ್ರಿ ಮಾಸ್ತರ’ ಎಂದೆ. ‘ಅದಕ್ಕ ವರ್ಷಗಟ್ಟಲೆ ಬೇಕಾತೇನೋ?’ ಎಂದು ನಕ್ಕರು. ಹಾಸ್ಯ ಪಾತ್ರದ ಅಣ್ಣ ಈಗ ಪುಣೆಯಲ್ಲಿ ಕೂಲಿ ಮಾಡುತ್ತಾನೆ, ಜಾತ್ರೆಗೆ ಮಾತ್ರ ಬರುತ್ತಾನಂತೆ. ಅವನ ಪಾರ್ಟನ್ನು ಈಗ ಫೋನಿನಲ್ಲೇ ತಾಲೀಮು ಮಾಡಿಸುತ್ತಾರಂತೆ. ಮಾಸ್ತರರು ಪೇಟಿ ನುಡಿಸುತ್ತಾರೆ, ಆ ಕಡೆಯಿಂದ ಅವನು ಮಾತು ಒಪ್ಪಿಸುತ್ತಾನೆ.

ನಮ್ಮ ಸೀಮೆಗೆ ಬಂದರೆ ನಾಟಕ ನೋಡಿ. ಅದಕ್ಕಿಂತ ಮೊದಲು ತಾಲೀಮು ನೋಡಿ. ಅದಕ್ಕೆ ಟಿಕೀಟಿಲ್ಲ, ಕೇಳಿ ಬರಬೇಕೆಂದೂ ಇಲ್ಲ. ಜಾತ್ರೆಗೆ ಹದಿನೈದು ದಿನ ಮುಂಚೆ, ರಾತ್ರಿ ಊಟ ಮುಗಿಸಿ ಪೇಟಿಯ ದನಿ ಬಂದ ಕಡೆ ನಡೆದರೆ ಸಾಕು, ಯಾರಾದರೂ ಸರಿದು ಜಾಗ ಕೊಡುತ್ತಾರೆ. ಕಟ್ಟೆಯ ಮೇಲೆ ಕೂರುವ ಮುಂಚೆ ಕೆಳಗಿನ ಕಲ್ಲಿನ ಮೇಲೆ ಯಾರಾದರೂ ಕೂತಿದ್ದಾರೆಯೇ ಒಮ್ಮೆ ನೋಡಿ. ಕೂತಿದ್ದರೆ ಮೊದಲು ಅವರನ್ನು ಮೇಲಕ್ಕೆ ಕರೆಯಿರಿ.