ಬೇಲಿಯಂಚಿನಲ್ಲಿ ನಿಲ್ಲುವ ನೀರು: ಕಾರಣ ಮತ್ತು ಪರಿಹಾರ

ಪುನರ್ವಸು, ಪುಷ್ಯ ಮಳೆಗಳು ಹಿಡಿದವೆಂದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯ ಅನೇಕ ಹಿತ್ತಲು ಮತ್ತು ತೋಟಗಳಲ್ಲಿ ಒಂದೇ ದೃಶ್ಯ ಕಾಣುತ್ತದೆ. ನಡುವಿನ ನೆಲ ಎರಡು ದಿನಗಳಲ್ಲಿ ಆರುತ್ತದೆ. ಬೇಲಿಯ ಉದ್ದಕ್ಕೂ ಎಂಟು ಹತ್ತು ಅಡಿ ಅಗಲದ ಪಟ್ಟೆ ಮಾತ್ರ ವಾರಗಟ್ಟಲೆ ಕೆಸರಾಗಿಯೇ ಉಳಿಯುತ್ತದೆ. ಅಲ್ಲಿ ಜೇಕು ಬೆಳೆಯುತ್ತದೆ, ಬೇಲಿಯ ಕಂಬ ವಾಲುತ್ತದೆ, ಅಡಿಕೆಯ ಸೋಗೆ ಹಳದಿಯಾಗುತ್ತದೆ. "ಅಂಚಿನ ಸಾಲು ಯಾವಾಗಲೂ ಹಾಗೇ" ಎಂದು ಬಿಟ್ಟುಬಿಡುವವರೇ ಹೆಚ್ಚು.

ಇದು ಸಣ್ಣ ನಷ್ಟವಲ್ಲ. 9 ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 535 ಅಡಿಕೆ ಗಿಡಗಳು ಹಿಡಿಯುತ್ತವೆ. ಚೌಕಾಕಾರದ ಒಂದು ಎಕರೆಯ ಬದಿ ಸುಮಾರು 208 ಅಡಿ. ಒಂದೇ ಬದಿಯ ಎರಡು ಸಾಲು ಕೆಟ್ಟರೂ 46 ಗಿಡಗಳ ಫಸಲು ಹೋದಂತೆ. ಎಂದರೆ ಹನ್ನೆರಡರಲ್ಲಿ ಒಂದು ಪಾಲು.

ಗಿಡಕ್ಕೆ ಆಗುವ ತೊಂದರೆ

ಬೇರುಗಳಿಗೂ ಉಸಿರಾಟಕ್ಕೆ ಗಾಳಿ ಬೇಕು. ಮಣ್ಣಿನ ಕಣಗಳ ನಡುವಿನ ಎಡೆಯೆಲ್ಲ ನೀರಿನಿಂದ ತುಂಬಿದಾಗ ಗಾಳಿಗೆ ಜಾಗವಿಲ್ಲದಂತಾಗಿ ಬೇರು ದುರ್ಬಲವಾಗುತ್ತದೆ. ಅಡಿಕೆಯ ಹೀರುಬೇರುಗಳ ಹೆಚ್ಚಿನ ಪಾಲು ಮೇಲಿನ ಎರಡು ಅಡಿ ಮಣ್ಣಿನಲ್ಲಿಯೇ ಇರುವುದರಿಂದ ಅದಕ್ಕೆ ಪೆಟ್ಟು ಬೇಗ ತಗಲುತ್ತದೆ. ಮಣ್ಣಿನಲ್ಲಿ ಸಾರವಿದ್ದರೂ ಅಂಥ ಬೇರು ಅದನ್ನು ಹೀರಲಾರದು. ಹಳದಿ ಬಣ್ಣವನ್ನು ಕಂಡು ಯೂರಿಯಾ ಹಾಕಿದರೆ ಅದರಲ್ಲಿ ಬಹುಭಾಗ ನೀರಿನೊಡನೆ ಇಳಿದು ಅಥವಾ ಗಾಳಿಗೆ ಸೇರಿ ವ್ಯರ್ಥವಾಗುತ್ತದೆ. ಮೊದಲು ನೀರು ಬಸಿಯಬೇಕು, ಅನಂತರ ಗೊಬ್ಬರ. ನೀರು ಬಸಿಯದ ತೋಟಗಳಲ್ಲಿ ಅಣಬೆ ರೋಗಕ್ಕೂ ಅನುಕೂಲ ಹೆಚ್ಚು ಎಂಬುದನ್ನು ಮರೆಯಬಾರದು.

ಮನೆಯ ಹಿತ್ತಲಾದರೆ ತಳಪಾಯಕ್ಕೆ ತೇವ ಏರುತ್ತದೆ. ಕೊಟ್ಟಿಗೆಯಲ್ಲಿ ದನಗಳ ಗೊರಸು ಕೊಳೆಯುತ್ತದೆ. ವಾರ ಹತ್ತು ದಿನ ನಿಂತ ನೀರಿನಲ್ಲಿ ಸೊಳ್ಳೆಯ ಒಂದು ತಲೆಮಾರು ಹುಟ್ಟಿ ಹಾರುತ್ತದೆ.

ಬೇಲಿಯ ಬಳಿಯೇ ಏಕೆ?

1. ವರ್ಷಗಳಿಂದ ಬೇಲಿಯ ಬುಡಕ್ಕೆ ಎಸೆದ ಮಣ್ಣು, ಕಸ, ಉದುರಿದ ಎಲೆ ಸೇರಿ ಅಲ್ಲಿ ತಿಳಿಯದಂತೆಯೇ ಒಂದು ದಿಂಡು ಬೆಳೆದಿರುತ್ತದೆ. ಹರಿಯುತ್ತಿದ್ದ ನೀರನ್ನು ಅದು ತಡೆಯುತ್ತದೆ. ಕಿಂಡಿ ಬಿಡದೆ ಕಟ್ಟಿದ ಕಾಂಪೌಂಡ್ ಗೋಡೆಯೂ ಇದೇ ಕೆಲಸ ಮಾಡುತ್ತದೆ.

2. ಟ್ರ್ಯಾಕ್ಟರ್, ಗಾಡಿ ತಿರುಗುವುದು ಅಂಚಿನಲ್ಲಿಯೇ. ಆ ತುಳಿತಕ್ಕೆ ಮಣ್ಣು ಗಟ್ಟಿಯಾಗಿ ನೀರು ಇಂಗುವುದಿಲ್ಲ.

3. ಭದ್ರಾ ಅಚ್ಚುಕಟ್ಟಿನಲ್ಲಿ ಪಕ್ಕದ ಗದ್ದೆಯಲ್ಲಿ ಭತ್ತಕ್ಕೆ ನಿಲ್ಲಿಸಿದ ನೀರು ಅಥವಾ ಕಾಲುವೆಯ ನೀರು ಒಳಗಿಂದೊಳಗೆ ಬಸಿದು ಬರುತ್ತದೆ.

4. ಬಹುಕಾಲ ಕೆಸರು ಮಾಡಿದ ಗದ್ದೆಯಲ್ಲಿ ಅಡಿಕೆ ನೆಟ್ಟಿದ್ದರೆ, ಗೇಣುದ್ದದ ಕೆಳಗೆ ಗಟ್ಟಿ ಪದರವಿರುತ್ತದೆ. ಅಲ್ಲಿ ತೋಡಿದ ಗುಣಿ ನೀರು ತುಂಬಿದ ಬಾನಿಯಂತಾಗುತ್ತದೆ.

ಕಾರಣವನ್ನು ಕಂಡುಹಿಡಿಯುವ ಬಗೆ

ಕಾರಣ ತಿಳಿಯದೆ ಕಾಲುವೆ ತೋಡುವುದು ರೋಗ ತಿಳಿಯದೆ ಔಷಧ ಕೊಟ್ಟಂತೆ. ಬೇಲಿಯಿಂದ ನಾಲ್ಕು ಅಡಿ ಒಳಗೆ, ಒಂದು ಅಡಿ ಅಗಲ, ಮೂರು ಅಡಿ ಆಳದ ಗುಂಡಿ ತೋಡಿ. ಮಳೆ ಇಲ್ಲದ ವಾರದಲ್ಲಿ ಪ್ರತಿದಿನ ಬೆಳಿಗ್ಗೆ ಕೋಲಿನಿಂದ ನೀರಿನ ಮಟ್ಟ ಅಳೆಯಿರಿ. ಮಳೆಯಿಲ್ಲದೆಯೂ ಗುಂಡಿಗೆ ನೀರು ಬಂದರೆ ಅದು ಬಸಿ ನೀರು. ಕಾಲುವೆ ನಿಂತಾಗ ಅಥವಾ ಪಕ್ಕದ ಗದ್ದೆ ಒಣಗಿದಾಗ ಮಟ್ಟ ಇಳಿದರೆ ಸಂಶಯವೇ ಬೇಡ.

ಗುಂಡಿ ಒಣಗಿಯೇ ಇದ್ದರೆ ನೀರು ತುಂಬಿ, ಇಂಗಿದ ಮೇಲೆ ಮತ್ತೊಮ್ಮೆ ತುಂಬಿ. ಎರಡನೆಯ ಸಲ ಗಂಟೆಗೆ ಒಂದು ಅಂಗುಲಕ್ಕಿಂತ ಕಡಿಮೆ ಇಳಿದರೆ ಮಣ್ಣು ಬಿಗಿ ಎಂದು ತಿಳಿಯಬೇಕು. ಚೆನ್ನಾಗಿ ಇಂಗಿದರೆ ತೊಂದರೆ ಇರುವುದು ಮೇಲಿನ ದಿಂಡಿನಲ್ಲಿ. ಅದನ್ನು ಸವರಿ ಮಟ್ಟ ಮಾಡಿದರೆ ಸಾಕು, ಖರ್ಚೇ ಇಲ್ಲ.

ನೀರು ಹೋಗುವ ದಾರಿ ಮೊದಲು

ಹೆಚ್ಚಿನವರು ಮಾಡುವ ತಪ್ಪೆಂದರೆ ನೀರು ನಿಂತ ಜಾಗದಿಂದ ಅಗೆಯಲು ಶುರುಮಾಡುವುದು. ಕೊನೆಯಲ್ಲಿ ಹಳ್ಳದ ಮಟ್ಟವೇ ಮೇಲಿದೆ ಎಂದು ತಿಳಿದಾಗ ಅಗೆದದ್ದೆಲ್ಲ ಉದ್ದನೆಯ ಹೊಂಡವಾಗಿರುತ್ತದೆ. ಆದ್ದರಿಂದ ಹಳ್ಳ ಅಥವಾ ಸಾರ್ವಜನಿಕ ಬಸಿಗಾಲುವೆ ಎಲ್ಲಿದೆ, ಎಷ್ಟು ತಗ್ಗಿದೆ ಎಂದು ಮೊದಲು ನೋಡಿ ಅಲ್ಲಿಂದ ಮೇಲಕ್ಕೆ ಅಗೆಯುತ್ತಾ ಬರಬೇಕು.

ಮಟ್ಟ ನೋಡಲು ದೊಡ್ಡ ಸಲಕರಣೆ ಬೇಡ. ಗಾರೆ ಕೆಲಸದವರು ಬಳಸುವ ಪಾರದರ್ಶಕ ಪೈಪಿನಲ್ಲಿ ಗುಳ್ಳೆ ಇಲ್ಲದಂತೆ ನೀರು ತುಂಬಿ ಎರಡು ತುದಿಗಳನ್ನು ಎರಡು ಗೂಟಗಳಿಗೆ ಹಿಡಿದರೆ ಮಟ್ಟ ತಿಳಿಯುತ್ತದೆ. 100 ಅಡಿಗೆ 3ರಿಂದ 6 ಅಂಗುಲ ಇಳಿಜಾರು ಸಾಕು. ಹೆಚ್ಚಾದರೆ ಕಾಲುವೆ ಕೊರೆಯುತ್ತದೆ, ಕಡಿಮೆಯಾದರೆ ಹೂಳು ತುಂಬುತ್ತದೆ. ಉದಾಹರಣೆಗೆ, ಸಮತಟ್ಟಾದ ಜಾಗದಲ್ಲಿ 208 ಅಡಿ ಉದ್ದಕ್ಕೆ 100ಕ್ಕೆ 4 ಅಂಗುಲದಂತೆ ಇಳಿಸಿದರೆ ಒಟ್ಟು ಇಳಿತ 8 ಅಂಗುಲ. ಮೇಲಿನ ತುದಿ 2½ ಅಡಿ ಆಳವಿದ್ದರೆ ಕೆಳಗಿನ ತುದಿ 3 ಅಡಿ 2 ಅಂಗುಲ ಬರಬೇಕು. ಹಳ್ಳದ ತಳ ಅದಕ್ಕಿಂತಲೂ ತಗ್ಗಿರಬೇಕು.

ಬಸಿಗಾಲುವೆ ತೆಗೆಯುವ ಕ್ರಮ

ಬಸಿ ನೀರು ಬರುವ ಬದಿಯಲ್ಲಿ, ಬೇಲಿಯಿಂದ ಮೂರು ಅಡಿ ಒಳಗೆ ನಿಮ್ಮ ಜಾಗದಲ್ಲಿಯೇ ಅಡ್ಡ ಬಸಿಗಾಲುವೆ ತೆಗೆಯಿರಿ. ತಳ ಒಂದೂವರೆ ಅಡಿ, ಬಾಯಿ ಎರಡೂವರೆ ಅಡಿ ಅಗಲವಿರಲಿ. ಎರೆಮಣ್ಣಿನಲ್ಲಿ ಬದಿಗಳು ಕುಸಿಯುವುದರಿಂದ ಇನ್ನೂ ಓರೆಯಾಗಿಸಬೇಕು. ತೋಟದಲ್ಲಿ ಕಾಲುವೆಯ ತಳ, ಗಿಡ ನೆಟ್ಟ ಗುಣಿಯ ತಳಕ್ಕಿಂತ ಗೇಣುದ್ದ ಕೆಳಗಿರಬೇಕು. ಬೆಳೆದ ತೋಟದಲ್ಲಿ ಎರಡು ಸಾಲುಗಳ ನಟ್ಟನಡುವೆ ಅಗೆದರೆ ಬೇರಿಗೆ ಪೆಟ್ಟು ಕಡಿಮೆ. ಗಟ್ಟಿ ಪದರವಿದ್ದಲ್ಲಿ ಕಾಲುವೆ ಅದನ್ನು ಸೀಳಿಕೊಂಡು ಹೋಗಬೇಕು.

ಹಿತ್ತಲಿನಲ್ಲಿ ತೆರೆದ ಕಾಲುವೆ ಮಕ್ಕಳಿಗೆ, ಕರುಗಳಿಗೆ ಅಪಾಯ. ಅಲ್ಲಿ ಮುಚ್ಚು ಬಸಿಗಾಲುವೆ ಸೂಕ್ತ. ತಳದಲ್ಲಿ ತೂತು ಕೊರೆದ ನಾಲ್ಕು ಅಂಗುಲದ ಪಿವಿಸಿ ಪೈಪನ್ನು ತೆಂಗಿನ ನಾರು ಸುತ್ತಿ ಇಟ್ಟು, ಸುತ್ತಲೂ ಜಲ್ಲಿ, ಮೇಲೆ ದಪ್ಪ ಮರಳು, ಕೊನೆಗೆ ಮಣ್ಣು ಹಾಕಬೇಕು. ಪೈಪು ಇಲ್ಲದಿದ್ದರೆ ಗುಂಡುಕಲ್ಲು ತುಂಬಿದರೂ ನಡೆಯುತ್ತದೆ. ಕೊಟ್ಟಿಗೆಯ ಗಂಜಲ, ತಿಪ್ಪೆಯ ನೀರು ಇದಕ್ಕೆ ಸೇರಬಾರದು. ಬಾವಿಯ ಕಡೆಗೆ ಹರಿಯಲೂಬಾರದು.

ಜಗಳೂರು ಸೀಮೆಯ ಮಾತು ಬೇರೆ

ಜಗಳೂರಿನಲ್ಲಿ ಮಳೆಯೇ ಕಡಿಮೆ. ಆದರೆ ಹುಬ್ಬೆ, ಹಸ್ತ ಮಳೆಗಳು ಒಮ್ಮೆಲೇ ಸುರಿದಾಗ ಬದುವಿನ ಪಕ್ಕದ ಈರುಳ್ಳಿ ಕೊಳೆಯುತ್ತದೆ. ಅಲ್ಲಿ ನೀರನ್ನು ಹೊರಗೆ ಅಟ್ಟಿದರೆ ಮುಂದಿನ ತಿಂಗಳಿಗೆ ನಾವೇ ಬಾಯಾರಬೇಕಾಗುತ್ತದೆ. ಒಂದು ಗುಂಟೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಅದು ಸುಮಾರು 2,570 ಲೀಟರ್ ನೀರು. ಆದ್ದರಿಂದ ಬೇಲಿಯಂಚಿನ ಕಾಲುವೆಯನ್ನು ಕೃಷಿ ಹೊಂಡಕ್ಕೆ ತಿರುಗಿಸಿ, ಬಾಯಿಯಲ್ಲಿ ಹೂಳು ನಿಲ್ಲಲು ಸಣ್ಣ ಗುಂಡಿ ಮಾಡಬೇಕು. ಈರುಳ್ಳಿಯನ್ನು ಏರುಮಡಿಯಲ್ಲಿ ಬೆಳೆಯುವುದು ಒಳ್ಳೆಯದು.

ನೆರೆಯವರೊಡನೆ ಮಾತು

ಬೇಲಿಯ ನೀರು ಇಬ್ಬರ ನೀರು. ಹರಡಿ ಹರಿಯುತ್ತಿದ್ದುದನ್ನು ಕಾಲುವೆಗೆ ಕೂಡಿಸಿ ನೆರೆಯವರ ಹೊಲಕ್ಕೆ ಒಂದೇ ಕಡೆ ಬಿಟ್ಟರೆ ಅವರ ಮಣ್ಣು ಕೊಚ್ಚಿಹೋಗುತ್ತದೆ, ಮನಸ್ಸೂ ಕೆಡುತ್ತದೆ. ಗುದ್ದಲಿ ಹಿಡಿಯುವ ಮೊದಲೇ ಅವರನ್ನು ಕರೆದು, ಗುಂಡಿಯ ನೀರಿನ ಮಟ್ಟ ತೋರಿಸಿ ಮಾತನಾಡಿ. ಎರಡು ಜಮೀನಿಗೂ ಒಂದೇ ಕಾಲುವೆ ತೆಗೆದರೆ ಕೂಲಿಯೂ ಅರ್ಧ, ಹೋಗುವ ಜಾಗವೂ ಅರ್ಧ. ಅಚ್ಚುಕಟ್ಟಿನಲ್ಲಿ ಹೂಳು ತುಂಬಿದ ಸಾರ್ವಜನಿಕ ಬಸಿಗಾಲುವೆಯ ವಿಷಯವನ್ನು ನೀರು ಬಳಕೆದಾರರ ಸಂಘದ ಮುಂದಿಟ್ಟು, ಒಟ್ಟಾಗಿ ಕಾಡಾ ಕಚೇರಿಗೆ ಅರ್ಜಿ ಕೊಡಬೇಕು. ಅದು ಕಟ್ಟಿಕೊಂಡಿದ್ದರೆ ನಮ್ಮ ಕಾಲುವೆ ಎಷ್ಟು ಚೆನ್ನಾಗಿದ್ದರೂ ನೀರು ಹಿಂದಕ್ಕೇ ಬರುತ್ತದೆ.

ಕೆಲಸವನ್ನು ಬೇಸಿಗೆಯಲ್ಲಿ ಮುಗಿಸಿ, ಪ್ರತಿವರ್ಷ ಮೃಗಶಿರಾ ಮಳೆಗೆ ಮೊದಲು ಕಾಲುವೆಯ ಕಳೆ, ಹೂಳು ತೆಗೆಯಬೇಕು. ಮೊದಲ ದೊಡ್ಡ ಮಳೆ ಬಿದ್ದ ದಿನ ಛತ್ರಿ ಹಿಡಿದು ಬೇಲಿಯ ಉದ್ದಕ್ಕೂ ಒಮ್ಮೆ ನಡೆದು ಬನ್ನಿ. ನೀರು ಎಲ್ಲಿ ತಡವರಿಸುತ್ತದೆ ಎಂಬುದು ಆಗ ಕಣ್ಣಿಗೇ ಕಾಣುತ್ತದೆ. ಅಲ್ಲಿ ನಾಲ್ಕು ಗುದ್ದಲಿ ಮಣ್ಣು ತೆಗೆದರೆ ಅಂಚಿನ ಸಾಲೂ ನಡುವಿನ ಸಾಲಿನಂತೆ ಫಲ ಕೊಡುತ್ತದೆ.